ಸಂತ ಪ್ಯಾಟ್ರಿಕನ ಚರಿತ್ರೆಯೂ ಆತನ ಹಬ್ಬದ ದಿನವೂ

ಮಾರ್ಚಿ ತಿಂಗಳ 17ನೆಯ ತಾರೀಖು ಐರ್ಲಂಡ್ ದೇಶದವರಿಗೆ ದೊಡ್ಡ ಹಬ್ಬ. ಐದನೆಯ ಶತಮಾನದಲ್ಲಿ ಆ ದ್ವೀಪದಲ್ಲಿ ಸುವಾರ್ತೆಯನ್ನು ಸಾರಿದ ಸಂತ ಪ್ಯಾಟ್ರಿಕನು ಆ ದಿನ ದೇಹವನ್ನು ಬಿಟ್ಟನೆಂಬುದು ಪರಂಪರೆಯಿಂದ ಬಂದ ನಂಬಿಕೆ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನ ದಂಡಿನಲ್ಲಿದ್ದ ಐರಿಷ್ ಸಿಪಾಯಿಗಳು ಆರಾಧನೆಗೆ ಕೂಡುತ್ತಿದ್ದ ದೇವಾಲಯವು ಇಂದಿಗೂ ಈತನ ಹೆಸರನ್ನೇ ಹೊತ್ತಿರುವುದು. ಸಕಲೇಶಪುರ, ಆಲೂರುಗಳ ನಮ್ಮ ಬೆಟ್ಟಸೀಮೆಯ ಮಕ್ಕಳಿಗಾದರೋ ಈ ಹಬ್ಬದ ಪರಿಚಯವು ಹೆಚ್ಚಾಗಿ ಚಿತ್ರದ ಪುಸ್ತಕಗಳಿಂದ ಆದುದು: ಹಸುರು ಕಾಗದ, ಮೂರೆಲೆಯ ಸೊಪ್ಪು, ಓಡಿಹೋಗುತ್ತಿರುವ ಹಾವುಗಳು. ಮನೆಯಲ್ಲಿ ಮಕ್ಕಳೊಡನೆ ಈ ದಿನವನ್ನು ಆಚರಿಸಬೇಕೆಂದಿರುವ ತಾಯಂದಿರೂ ಅಕ್ಕಂದಿರೂ ಕತ್ತರಿಯನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮೊದಲು ಆತನ ಚರಿತ್ರೆಯನ್ನು ಹೇಳುವುದು ಲೇಸೆಂದು ನಾವು ಎಣಿಸುತ್ತೇವೆ. ಏಕೆಂದರೆ ಆ ಹಸುರು ಕಾಗದದ ಹಿಂದೆ ಸೆರೆಹೋದ ಹುಡುಗನೊಬ್ಬನಿದ್ದಾನೆ.

ಪ್ಯಾಟ್ರಿಕನು ಹುಟ್ಟಿನಿಂದ ಐರ್ಲಂಡಿನವನಲ್ಲ. ರೋಮನರ ಆಳ್ವಿಕೆಯನ್ನು ಕಂಡಿದ್ದ ಬ್ರಿಟನ್ನಿನಲ್ಲಿ, ಸ್ಥಿತಿವಂತರ ಮನೆಯಲ್ಲಿ ಜನಿಸಿದವನು. ತಂದೆ ಕಲ್ಪೂರ್ನಿಯನು ಸಭಾಸೇವಕನು; ಅಜ್ಜ ಪೊಟಿಟನು ಸಭೆಯ ಗುರು. ಊರ ಬಳಿ ಜಮೀನಿದ್ದಿತು, ಆಳುಕಾಳುಗಳಿದ್ದರು. ಇಂಥ ಮನೆಯಲ್ಲಿ ಬೆಳೆದರೂ ಬಾಲ್ಯದಲ್ಲಿ ತನಗೆ ದೇವರ ಅರಿವಿರಲಿಲ್ಲವೆಂದು ಆತನೇ ವೃದ್ಧಾಪ್ಯದಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಆತ್ಮನಿವೇದನೆಯಲ್ಲಿ ಒಪ್ಪಿಕೊಂಡಿರುವನು. ಆ ನಿವೇದನೆಯೂ ಒಂದು ಕಾಗದವೂ ಉಳಿದು ಬಂದಿವೆ. ಸಾವಿರದೈನೂರು ವರ್ಷಗಳ ಹಿಂದಿನ ಮನುಷ್ಯನೊಬ್ಬನು ತನ್ನ ಸುಖದುಃಖಗಳನ್ನು ತಾನೇ ಹೇಳಿರುವುದು ಅಪರೂಪವಾದುದರಿಂದ ನಾವು ಇವೆರಡನ್ನೇ ಅನುಸರಿಸಿದ್ದೇವೆ.

ಆತನಿಗೆ 16 ವರ್ಷಗಳು ತುಂಬುತ್ತಿದ್ದಾಗ ಕಡಲುಗಳ್ಳರು ದಂಡೆತ್ತಿ ಬಂದು ಸಾವಿರಾರು ಜನರೊಡನೆ ಆತನನ್ನೂ ಹಿಡಿದು ಐರ್ಲಂಡಿಗೆ ಒಯ್ದರು. ಆಳುಗಳಿಂದ ಕೆಲಸ ಮಾಡಿಸಿಕೊಳ್ಳುತ್ತಿದ್ದ ಮನೆಯ ಮಗನು ತಾನೇ ಪರರ ಆಳಾದನು. 6 ವರ್ಷ ಕುರಿ ಕಾಯ್ದನು. ಹಿಮದಲ್ಲಿಯೂ ಮಳೆಯಲ್ಲಿಯೂ ಬೆಳಕು ಹರಿಯುವ ಮೊದಲೇ ಎದ್ದು, ಕಾಡಿನಲ್ಲಿಯೂ ಬೆಟ್ಟದಲ್ಲಿಯೂ ಹಗಲು ನೂರು ಸಾರಿ, ರಾತ್ರಿ ಹೆಚ್ಚುಕಡಿಮೆ ಅಷ್ಟೇ ಸಾರಿ ಪ್ರಾರ್ಥಿಸುತ್ತಿದ್ದನಂತೆ. ಆಷಾಢದ ಜಡಿಮಳೆಯಲ್ಲಿ ಗೊರಬು ಹೊದ್ದು ದನ ಕಾಯುತ್ತಿದ್ದ ಹುಡುಗರನ್ನು ಕಂಡಿರುವ ನಮ್ಮ ಹಿರಿಯರಿಗೆ ಈ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳುವುದು ಕಷ್ಟವಾಗದು. ಆದರೆ ಆ ಹುಡುಗರು ಸಂಜೆಗೆ ತಾಯಿಯ ಒಲೆಯ ಬಳಿಗೆ ಬರುತ್ತಿದ್ದರು. ಪ್ಯಾಟ್ರಿಕನಿಗೆ ಆ ಭಾಗ್ಯವಿರಲಿಲ್ಲ.

ದಾಸತ್ವವು ನಮಗೆ ದೂರದ ಮಾತೆಂದು ಯಾರೂ ತಿಳಿಯಬಾರದು. ಗ್ರೀನ್ ಎಂಬ ದೊರೆಯು ಐಗೂರಿನ ಬಳಿ ಕಾಫಿ ತೋಟಕ್ಕೆ ಕೈಹಾಕಿದ 1843ನೆಯ ಇಸವಿಯಲ್ಲಿಯೇ ಕಂಪನಿ ಸರ್ಕಾರವು ದಾಸರ ಮೇಲಣ ಒಡೆತನಕ್ಕೆ ನ್ಯಾಯಸ್ಥಾನಗಳಲ್ಲಿ ಮನ್ನಣೆಯಿಲ್ಲದಂತೆ ಕಾನೂನು ಮಾಡಿತು. ಸಾಲಕ್ಕಾಗಿ ದುಡಿಯುವ ಜೀತವನ್ನು ದೇಶಾದ್ಯಂತ ತೆಗೆದುಹಾಕಿದ ಕಾಯಿದೆಯು 1976ರವರೆಗೆ ಬರಲಿಲ್ಲ.

ಒಂದು ರಾತ್ರಿ ನಿದ್ರೆಯಲ್ಲಿ ಹಡಗು ಸಿದ್ಧವಾಗಿದೆಯೆಂಬ ವಾಣಿಯನ್ನು ಕೇಳಿ ಪ್ಯಾಟ್ರಿಕನು ಒಡೆಯನನ್ನು ಬಿಟ್ಟು ಹೊರಟನು. ಗುರುತಿಲ್ಲದ ನಾಡಿನಲ್ಲಿ ಸುಮಾರು 200 ಮೈಲಿ ನಡೆದು ಸಮುದ್ರತೀರವನ್ನು ಸೇರಿದನು. ನಾವಿಕರು ಮೊದಲು ಗದರಿಸಿ ಅಟ್ಟಿದರು, ಬಳಿಕ ಕರೆದು ಹತ್ತಿಸಿಕೊಂಡರು. ಕೆಲವು ವರ್ಷಗಳ ಮೇಲೆ ತಂದೆತಾಯಿಗಳ ಬಳಿಗೆ ಬಂದಾಗ ಅವರು, ಇನ್ನೆಂದಿಗೂ ನಮ್ಮನ್ನು ಬಿಟ್ಟುಹೋಗಬೇಡವೆಂದು ಆತನನ್ನು ಬೇಡಿಕೊಂಡರು. ಅಲ್ಲಿಯೇ ಆತನಿಗೆ ಬೇರೊಂದು ಕನಸು ಬಿದ್ದಿತು. ವಿಕ್ಟೋರಿಕನೆಂಬವನು ಲೆಕ್ಕವಿಲ್ಲದಷ್ಟು ಕಾಗದಗಳನ್ನು ಹೊತ್ತು ಐರ್ಲಂಡಿನಿಂದ ಬಂದಂತೆ, ಪಡುವಣ ಕಡಲಿನ ಬಳಿಯ ಕಾಡುಸೀಮೆಯ ಜನರು ಒಂದೇ ಕಂಠದಿಂದ ತನ್ನನ್ನು ಮತ್ತೆ ಕರೆಯುತ್ತಿರುವಂತೆ ಕಂಡನು. ಓದುತ್ತಿದ್ದ ಕಾಗದವನ್ನು ಮುಗಿಸಲಾರದೆ ಎಚ್ಚೆತ್ತನು. ತನ್ನನ್ನು ದಾಸನನ್ನಾಗಿ ಮಾಡಿಕೊಂಡಿದ್ದ ನಾಡಿಗೆ ಈಗ ತಾನಾಗಿಯೇ ಹೋಗಬೇಕೆಂದು ನಿಶ್ಚಯಿಸಿದನು. ಮುಂದೆ ಬಿಷಪ್ಪನಾಗಿ ಆ ನಾಡಿನಲ್ಲಿಯೇ ನೆಲೆಸಿದನು.

ಅಲ್ಲಿ ಸಾವಿರಾರು ಜನರಿಗೆ ದೀಕ್ಷಾಸ್ನಾನ ಕೊಟ್ಟುದನ್ನು ಎಲ್ಲರೂ ಬಲ್ಲರು. ನಮ್ಮ ಶಾಲೆಯಂಥ ಹೆಣ್ಣುಮಕ್ಕಳ ಶಾಲೆಯಲ್ಲಿ ಇದಕ್ಕಿಂತಲೂ ನೆನೆಯತಕ್ಕ ಸಂಗತಿಗಳು ಆ ನಿವೇದನೆಯಲ್ಲಿವೆ. ಉಚ್ಚಕುಲದ ಐರಿಷ್ ಯುವತಿಯೊಬ್ಬಳು ದೀಕ್ಷೆ ಪಡೆದ ಕೆಲವೇ ದಿನಗಳಲ್ಲಿ ವಿವಾಹವನ್ನು ತೊರೆದು ಕ್ರಿಸ್ತನ ಸೇವೆಗೆ ತನ್ನನ್ನು ಒಪ್ಪಿಸಿಕೊಂಡುದನ್ನು ಆತನು ಸ್ಮರಿಸುತ್ತಾನೆ. ಇಂಥ ಹೆಣ್ಣುಮಕ್ಕಳು ಹೆತ್ತವರಿಂದ ಹಿಂಸೆಯನ್ನೂ ನಿಂದೆಯನ್ನೂ ಅನುಭವಿಸಿದರೂ ಅವರ ಸಂಖ್ಯೆ ಕುಗ್ಗಲಿಲ್ಲವೆನ್ನುತ್ತಾನೆ. ಎಲ್ಲರಿಗಿಂತ ಹೆಚ್ಚು ಬಾಧೆಪಟ್ಟವರು ದಾಸಿಯರಾಗಿದ್ದ ಸ್ತ್ರೀಯರೆಂದು ಬರೆಯುವಾಗ ಆತನ ಸ್ವಂತ ಆರು ವರ್ಷಗಳು ಆ ಮಾತಿನ ಹಿಂದೆ ಇವೆ. ಭಕ್ತೆಯರು ತಮ್ಮ ಆಭರಣಗಳನ್ನು ಯಜ್ಞವೇದಿಯ ಮೇಲೆ ಹಾಕಿದರೆ ಆತನು ಅವನ್ನು ಹಿಂದಿರುಗಿಸುತ್ತಿದ್ದನು. ಅವರಿಗೆ ಅಸಮಾಧಾನವಾದರೂ ಸುವಾರ್ತೆಯನ್ನು ಮಾರಿ ಬದುಕಿದನೆಂಬ ಮಾತಿಗೆ ಎಡೆಗೊಡಲಿಲ್ಲ.

ಉಳಿದಿರುವ ಕಾಗದದ ಕಾರಣವು ಘೋರವಾದುದು. ಕೊರೊಟಿಕನೆಂಬ ನಾಯಕನ ಯೋಧರು, ಹೆಸರಿಗೆ ಕ್ರೈಸ್ತರಾಗಿದ್ದವರೇ, ಹೊಸದಾಗಿ ದೀಕ್ಷೆ ಪಡೆದಿದ್ದವರ ಮೇಲೆ ಬಿದ್ದರು. ಅಭಿಷೇಕದ ತೈಲವು ಇನ್ನೂ ಹಣೆಯ ಮೇಲಿರುವಾಗಲೇ, ಬಿಳಿಯ ವಸ್ತ್ರದಲ್ಲಿಯೇ, ಕೆಲವರನ್ನು ಕೊಂದು ಹುಡುಗಿಯರನ್ನೂ ಉಳಿದವರನ್ನೂ ಮಾರಿದರು. ಪ್ಯಾಟ್ರಿಕನು ತಾನು ಎಳೆತನದಿಂದ ಓದಿಸಿದ್ದ ಗುರುವೊಬ್ಬನ ಕೈಯಲ್ಲಿ ಓಲೆ ಕಳುಹಿಸಿ ಸೆರೆಯವರನ್ನು ಬಿಡಬೇಕೆಂದು ಕೇಳಿದನು. ಅವರು ನಕ್ಕುಬಿಟ್ಟರು. ಆಗ ಬರೆದುದೇ ಈ ಎರಡನೆಯ ಕಾಗದ: ಆ ಯೋಧರು ಪಶ್ಚಾತ್ತಾಪಪಟ್ಟು ಸೆರೆಯವರನ್ನು ಬಿಡುವ ತನಕ ಯಾವ ಕ್ರೈಸ್ತನೂ ಅವರೊಡನೆ ಉಣ್ಣಬಾರದು, ಅವರ ದಾನವನ್ನು ಮುಟ್ಟಬಾರದು ಎಂಬ ಆಜ್ಞೆ, ಅವರಿಗೆಲ್ಲರಿಗೂ ಕೇಳುವಂತೆ ಓದತಕ್ಕದ್ದೆಂಬ ಅಪ್ಪಣೆ. ಇದಕ್ಕೆ ಬಂದ ಉತ್ತರವಾವುದೂ ಉಳಿದಿಲ್ಲ. ತನಗೆ ಓದು ಸಾಲದೆಂದೂ ತನ್ನ ಲ್ಯಾಟಿನ್ ಒರಟೆಂದೂ ಜೀವಮಾನವಿಡೀ ಲಜ್ಜೆಪಟ್ಟ ಮನುಷ್ಯನ ಲೇಖನಿಯಿಂದ ಇದು ಬಂದಿತೆಂಬುದು ಗಮನಿಸತಕ್ಕ ವಿಷಯ.

ಇನ್ನು ಹಾವುಗಳ ಕಥೆ. ಐರ್ಲಂಡಿನಲ್ಲಿ ಹಿಮಯುಗದ ಅನಂತರ ಹಾವುಗಳು ಇರಲೇ ಇಲ್ಲವೆಂದು ಪ್ರಕೃತಿಶಾಸ್ತ್ರಜ್ಞರು ಹೇಳುವುದರಿಂದ ಓಡಿಸುವ ಶ್ರಮ ಪ್ಯಾಟ್ರಿಕನಿಗೆ ಬಂದಿರಲಾರದು. ಮೂರೆಲೆಯ ಸೊಪ್ಪನ್ನು ಹಿಡಿದು ತ್ರಿತ್ವವನ್ನು ಬೋಧಿಸಿದನೆಂಬ ಕಥೆಯೂ ಹದಿನೆಂಟನೆಯ ಶತಮಾನದ ಗ್ರಂಥಗಳಲ್ಲಿ ಮೊದಲು ಕಾಣುವುದು. ಕಥೆಯೆಂದು ತಿಳಿದೇ ಮಕ್ಕಳಿಗೆ ಹೇಳಿದರೆ ದೋಷವಿಲ್ಲ.

ಆ ಎಲೆಯನ್ನು ಹೋಲುವ ಪುಲ್ಲಂಪುರಚಿ ಸೊಪ್ಪು ನಮ್ಮ ಹಿತ್ತಿಲುಗಳಲ್ಲಿಯೇ ಇದೆ. ಜಾತಿ ಬೇರೆ, ರುಚಿ ಹುಳಿ. ಸಂಜೆಯಾದರೆ ಎಲೆಗಳು ಮಡಿಸಿಕೊಳ್ಳುವುದರಿಂದ ಹುಡುಕುವ ಆಟವನ್ನು ಬೆಳಗ್ಗೆಯೇ ಆಡಿಸತಕ್ಕದ್ದು. ಹೆಚ್ಚು ತಂದವರ ಮನೆಯಲ್ಲಿ ಮಧ್ಯಾಹ್ನಕ್ಕೆ ತಂಬುಳಿಯೂ ಆಗುವುದು. ಐರ್ಲಂಡಿನ ಮಕ್ಕಳು ಹಿಂದೆ ಹಬ್ಬಕ್ಕಾಗಿ ಕಾಗದದ ಶಿಲುಬೆಗಳನ್ನು ಮಾಡಿ ಎದೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಹುಡುಗರದು ಬಿಳಿಯ ಕಾಗದದ ಮೇಲೆ ಕೈವಾರದಿಂದ ವೃತ್ತಗಳನ್ನು ಬರೆದು ಬಣ್ಣ ತುಂಬಿದ್ದು. ಹುಡುಗಿಯರದು ಎರಡು ರಟ್ಟಿನ ಪಟ್ಟಿಗಳನ್ನು ಅಡ್ಡಲಾಗಿ ಜೋಡಿಸಿ ರೇಷ್ಮೆಯ ಪಟ್ಟಿ ಸುತ್ತಿ ನಡುವೆ ಹೂವಿನಂತೆ ಗಂಟುಹಾಕಿದ್ದು. ನಮ್ಮ ಹುಡುಗಿಯರು ಎರಡನ್ನೂ ಮಾಡಲಿ. ಕೈವಾರ ಹಿಡಿಯುವುದು ರೇಖಾಗಣಿತಕ್ಕೂ ಒದಗುವುದು. ಅವರು ಮೊಟ್ಟೆಯ ಹಳದಿಯನ್ನೂ ಬಟ್ಟೆಗೆ ಹಾಕುವ ನೀಲಿಯನ್ನೂ ಬಳಸುತ್ತಿದ್ದರು. ನಮಗೆ ಅರಿಸಿನವಿದೆ, ಅದಕ್ಕೆ ಸುಣ್ಣ ಬೆರೆಸಿದರೆ ಕೆಂಪು, ಅರೆದ ಸೊಪ್ಪಿನಿಂದ ಹಸುರು. ನೀಲಿಯನ್ನು ಮರೆಯಬಾರದು; 1783ರಲ್ಲಿ ಈ ಸಂತನ ಹೆಸರಿನಲ್ಲಿ ಸ್ಥಾಪಿಸಿದ ಬಿರುದಿಗೆ ನೀಲಿಯ ಬಣ್ಣವನ್ನೇ ಆರಿಸಿದ್ದರು.

ಹಾವು ಏಣಿಯ ಪಟವನ್ನೂ ಮಕ್ಕಳಿಂದ ಬರೆಯಿಸಬಹುದು. ಮನೆಗಳ ಸಂಖ್ಯೆಯನ್ನು ಪ್ಯಾಟ್ರಿಕನ ವಯಸ್ಸೆಂದು ಎಣಿಸಿ, 16ನೆಯ ಮನೆಯಲ್ಲಿ ಕಡಲುಗಳ್ಳರ ಹಾವನ್ನೂ 22ನೆಯದರಲ್ಲಿ ಹಡಗಿನ ಏಣಿಯನ್ನೂ ಬರೆಯಲಿ. ಮರಳಿ ಐರ್ಲಂಡಿಗೆ ಹೊರಟ ಮನೆಗೆ ಹಾವನ್ನು ಬರೆಯಬೇಕೇ, ಏಣಿಯನ್ನು ಬರೆಯಬೇಕೇ ಎಂಬುದನ್ನು ಅವರೇ ಕುಳಿತು ವಾದಿಸಿ ತೀರ್ಮಾನಿಸಿಕೊಳ್ಳಲಿ. ದೊಡ್ಡವರು ನಡುವೆ ಬಾಯಿಹಾಕದಿರುವುದು ಒಳ್ಳೆಯದು.