ಸಮಗಾರ ಹರಳಯ್ಯನವರು

ಮಲಪ್ರಭೆಯು ಕಣಕುಂಬಿಯ ಬೆಟ್ಟದಲ್ಲಿ ಹುಟ್ಟಿ, ಖಾನಾಪುರದ ಸೀಮೆಯನ್ನು ಹಾಯ್ದು, ಕಾದರವಳ್ಳಿಯ ದಂಡೆಯನ್ನು ಮುಟ್ಟಿ, ಎರೆಭೂಮಿಯಲ್ಲಿ ಬಳುಕುತ್ತ ರೋಣ ತಾಲೂಕಿನ ಹೊಳೆಮಣ್ಣೂರಿಗೆ ಬರುವಳು. ಇಲ್ಲಿಂದ ಮುಂದೆ ಪಟ್ಟದಕಲ್ಲು ಐಹೊಳೆಗಳ ಗುಡಿಗಳನ್ನು ನೋಡುತ್ತ ಸಾಗಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವಳು. ಮೇಲ್ಹರಿವಿನಲ್ಲಿ ಕಲ್ಯಾಣವನ್ನು ಬಿಟ್ಟುಬಂದ ಶರಣರು ಸೈನ್ಯವನ್ನು ಎದುರಿಸಿದ ನೆಲ. ಕೆಳಹರಿವಿನಲ್ಲಿ ಬಸವಣ್ಣನವರು ಐಕ್ಯರಾದ ಕ್ಷೇತ್ರ. ಈ ಎರಡರ ನಡುವೆ ಹೊಳೆಯ ದಂಡೆಗೆ ಕುಳಿತ ಊರಿದು.

ಇಂಥ ಊರುಗಳ ಒಕ್ಕಲುತನವು ಹಿಂದಿನ ಕಾಲದಲ್ಲಿ ತೊಗಲಿಲ್ಲದೆ ಒಂದು ದಿನವೂ ಸಾಗುತ್ತಿರಲಿಲ್ಲ. ಬಾವಿಯಿಂದ ನೀರೆತ್ತುವ ಕಪಿಲೆಯ ಬಾನಿ ತೊಗಲಿನದು, ಅದನ್ನು ಎಳೆಯುವ ಮಿಣಿ ತೊಗಲಿನದು, ನೊಗದ ಜತ್ತಿಗೆ ತೊಗಲಿನದು, ಬಾರುಕೋಲಿನ ತುದಿ ತೊಗಲಿನದು, ಹಬ್ಬದ ಹಲಿಗೆಯ ಮುಖವೂ ತೊಗಲಿನದೇ. ರೈತನು ಸುಗ್ಗಿಯಲ್ಲಿ ಕಾಳು ಅಳೆದು ಕೊಟ್ಟು ಈ ಸಾಮಾನುಗಳನ್ನು ಪಡೆಯುತ್ತಿದ್ದನು. ಆದರೆ ಅದನ್ನು ಮಾಡಿಕೊಟ್ಟ ಕೈಯನ್ನು ಮಾತ್ರ ಅಂಗಳದ ಆಚೆಗೆ ನಿಲ್ಲಿಸಿದನು. ನಾವು ಪುರಾಣವನ್ನು ಹಚ್ಚಿ ಹರಳಯ್ಯನವರ ಚಮ್ಮಾವುಗೆಯ ಕಥೆಗೆ ಕಣ್ಣೀರು ಸುರಿಸಿ, ಪುರಾಣ ಮುಗಿದ ಬಳಿಕ ಮನೆಗೆ ಬಂದು ಮಾಡುತ್ತಿದ್ದುದು ಇದನ್ನೇ. ಮುಚ್ಚುಮರೆ ಮಾಡುವದರಿಂದ ಪ್ರಯೋಜನವಿಲ್ಲ.

ಈಗ ಹೊಳೆಮಣ್ಣೂರಿನ ಮಕ್ಕಳನ್ನೆಲ್ಲ, ಓಣಿಯ ಭೇದವಿಲ್ಲದೆ, ಮಠದ ಪಡಸಾಲೆಯಲ್ಲಿ ಕೂಡಿಸಿ ತೊಗಲಿನ ಕೆಲಸದ ಮೊದಲ ಪಾಠವನ್ನು ಕಲಿಸಬೇಕೆಂದು ಸದ್ಭಕ್ತರು ಮನಸ್ಸು ಮಾಡಿದರೆಂದು ಇಟ್ಟುಕೊಳ್ಳೋಣ. ಐವತ್ತೋ ಅರವತ್ತೋ ಮಕ್ಕಳು; ಅವರ ಮುಂದೆ ಹದವಾದ ತೊಗಲಿನ ತುಂಡುಗಳು. ಕೈ ಮುಟ್ಟುವ ಮೊದಲೇ ಕೆಲವರು ಮೂಗು ಮುರಿಯುವರು. ಅದು ಅವರ ತಪ್ಪಲ್ಲ, ಮನೆಯಲ್ಲಿ ಕಂಡದ್ದು. ಆ ಹೊತ್ತಿಗೆ ಹೇಳಬೇಕಾದ ಚರಿತ್ರೆಯು ಹರಳಯ್ಯನವರದು. ಅದನ್ನು ಹೇಳುವ ಬಗೆಯನ್ನು ಗೃಹಸ್ಥರಿಗಾಗಿ ಇಲ್ಲಿ ಬರೆದಿರುವೆನು.

12ನೆಯ ಶತಮಾನದಲ್ಲಿ, ಕಳಚುರಿ ಬಿಜ್ಜಳನು ಆಳುತ್ತಿದ್ದ ಕಾಲಕ್ಕೆ, ಕಲ್ಯಾಣ ಪಟ್ಟಣದಲ್ಲಿ ಹರಳಯ್ಯನವರು ತಮ್ಮ ಪತ್ನಿ ಕಲ್ಯಾಣಮ್ಮನೊಡನೆ ಸಮಗಾರಿಕೆಯ ಕಾಯಕವನ್ನು ಮಾಡಿಕೊಂಡಿದ್ದರು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಇವರಿಗೆ ಶೀಲವಂತನೆಂಬ ಮಗನಿದ್ದನು. ತೊಗಲಿನ ಕಾಯಕದ ಶರಣರಲ್ಲಿ ಹರಳಯ್ಯನವರು ಒಬ್ಬಂಟಿಗರಾಗಿರಲಿಲ್ಲ. ತೊಗಲನ್ನು ಹದಮಾಡುವ ಡೋಹರ ಕಕ್ಕಯ್ಯನವರಿದ್ದರು. ವಚನಕಾರ ಮಾದಾರ ಧೂಳಯ್ಯನವರಿದ್ದರು. ಇವರೆಲ್ಲರಿಗಿಂತ ಹಿರಿಯರಾಗಿ ಮಾದಾರ ಚೆನ್ನಯ್ಯನವರಿದ್ದರು. ಚೆನ್ನಯ್ಯನವರ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗುಂಟಗಳ ಹೆಸರು ಬರುವದನ್ನು ವಚನಗಳ ಅಭ್ಯಾಸಿಗಳು ಬಲ್ಲರು. ಬೇರೆಯವರು ದೇವರ ಹೆಸರೊಂದನ್ನೇ ಇಟ್ಟ ಜಾಗದಲ್ಲಿ ಆ ಶರಣರು ತಮ್ಮ ಉಪಕರಣಗಳನ್ನೂ ಇಟ್ಟರು. ಮಕ್ಕಳ ಕೈಗೆ ಉಳಿಯನ್ನು ಕೊಡುವಾಗ ಇದನ್ನು ಹೇಳಲು ಮರೆಯಬಾರದು.

ಹಸಿಯ ತೊಗಲು ತಾನಾಗಿಯೇ ಪಾದರಕ್ಷೆಯಾಗುವದಿಲ್ಲ. ಅದನ್ನು ನೀರಿನಲ್ಲಿ ನೆನೆಯಿಸಿ, ಸುಣ್ಣದ ಬಾನಿಯಲ್ಲಿ ಹಾಕಿ ಕೂದಲು ಸಡಿಲಾಗುವಂತೆ ಮಾಡಿ, ಹೆರೆದು ತೊಳೆದು, ಆ ಮೇಲೆ ಜಾಲಿಯ ಚಕ್ಕೆ ಮತ್ತು ಅಳಲೆಕಾಯಿಗಳ ರಸದಲ್ಲಿ ಇಡಬೇಕು. ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ಚಕ್ಕೆಯ ನೀರನ್ನು ತುಂಬಿ ತೂಗಹಾಕುವ ಪದ್ಧತಿಯೂ ನಮ್ಮ ಕಡೆಗೆ ಇತ್ತು. ಚಕ್ಕೆಯಲ್ಲಿರುವ ಒಗರು ತೊಗಲಿನ ನಾರುಗಳಿಗೆ ಅಂಟಿಕೊಂಡು ಅದನ್ನು ಕೊಳೆಯದಂತೆ ಕಾಯುವದು. ಎಳೆಯ ಅಳಲೆಕಾಯಿಯನ್ನು ಕಚ್ಚಿದರೆ ನಾಲಗೆ ಸೆಡೆತುಕೊಳ್ಳುವದಷ್ಟೆ. ತೊಗಲಿಗೆ ಆಗುವದೂ ಅದೇ. ಈ ಒಂದು ಮಾತಿನಿಂದ ಮಕ್ಕಳಿಗೆ ಹದಮಾಡುವ ವಿದ್ಯೆಯ ಮರ್ಮವು ತಿಳಿಯುವದು. ಇದಕ್ಕೆ ವಾರಗಟ್ಟಲೆ ಕಾಯಬೇಕು. ಅವಸರ ಮಾಡಿದ ತೊಗಲು ಮೇಲೆ ಹಣ್ಣಾಗಿ ಕಂಡರೂ ಕೊಯ್ದಾಗ ನಡುವೆ ಹಸಿಯ ಗೆರೆಯನ್ನು ತೋರಿಸುವದು.

ಇಂಥ ಕಾಯಕದಲ್ಲಿದ್ದ ಹರಳಯ್ಯನವರು ಒಂದು ದಿನ ದಾರಿಯಲ್ಲಿ ಬಸವಣ್ಣನವರನ್ನು ಕಂಡು ಒಮ್ಮೆ ಶರಣೆಂದರು. ರಾಜ್ಯದ ಭಂಡಾರವನ್ನು ನೋಡುತ್ತಿದ್ದ ಬಸವಣ್ಣನವರು ಎರಡು ಸಲ ಶರಣಾರ್ಥಿಯನ್ನು ಮರಳಿಸಿದರು. ನಡೆದದ್ದು ಇಷ್ಟೇ. ಪಟ್ಟಣದ ಬೀದಿಯಲ್ಲಿ ಹೋಗುವ ಜನಕ್ಕೆ ಅದು ಗಮನಕ್ಕೆ ಬಾರದ ಸಂಗತಿ. ಹರಳಯ್ಯನವರಿಗೆ ಮಾತ್ರ ಹೆಚ್ಚಾಗಿ ಬಂದ ಆ ಒಂದು ಶರಣು ತೀರಿಸಲಾರದ ಸಾಲವಾಗಿ ಕಂಡಿತು. ಮನೆಗೆ ಬಂದು ಹೆಂಡತಿಗೆ ಹೇಳಿದರು. ಈ ಋಣವನ್ನು ಯಾವ ಪ್ರಾಣಿಯ ತೊಗಲಿನಿಂದ ತೀರಿಸುವದೆಂದು ಇಬ್ಬರೂ ಕೂಡಿ ಯೋಚಿಸಿ, ಕೊನೆಗೆ ತಮ್ಮ ಶರೀರವೊಂದೇ ತಮ್ಮ ಸ್ವಂತದ ಸೊತ್ತೆಂದು ನಿಶ್ಚಯಿಸಿದರು. ಪತಿಯ ಬಲದೊಡೆಯ ತೊಗಲಿನಿಂದ ಒಂದು, ಸತಿಯ ಎಡದೊಡೆಯ ತೊಗಲಿನಿಂದ ಒಂದು, ಹೀಗೆ ಒಂದು ಜೊತೆ ಚಮ್ಮಾವುಗೆ ಸಿದ್ಧವಾಯಿತೆಂದು ಪರಂಪರೆಯ ಕಥನವು ಹೇಳುವದು.

ಮಕ್ಕಳ ಮುಂದೆ ಈ ಭಾಗವನ್ನು ಹೇಳುವಾಗ ಕೆಲವರು ರಕ್ತವನ್ನು ವರ್ಣಿಸುತ್ತ ಹೋಗುವರು. ಅದು ನನಗೆ ಸರಿತೋರದು. ಎಳೆಯರು ಅಂಜುವರು, ಇಲ್ಲವೆ ಇದು ಅನುಕರಿಸತಕ್ಕ ಸಾಹಸವೆಂದು ತಿಳಿಯುವರು. ಅವರಿಗೆ ಬೇರೊಂದು ಪ್ರಶ್ನೆಯನ್ನು ಹಾಕಬೇಕು: ಬಸವಣ್ಣನವರ ಪಾದದ ಅಳತೆಯು ಹರಳಯ್ಯನವರಿಗೆ ತಿಳಿದದ್ದು ಹೇಗೆ? ಅಳತೆ ಕೊಡಿರೆಂದು ಕೇಳಿದ್ದರೆ ಗುಟ್ಟು ಹೊರಬೀಳುತ್ತಿತ್ತು. ದಾರಿಯ ಧೂಳಿನಲ್ಲಿ ಮೂಡಿದ ಹೆಜ್ಜೆಯನ್ನು ನೋಡಿಯೇ ತಿಳಿದಿರಬೇಕೆಂದು ನನ್ನ ಊಹೆ. ಕಸುಬನ್ನು ಬಲ್ಲವರ ಕಣ್ಣಿಗೆ ಹೆಜ್ಜೆಯು ಅಳತೆಯ ಪಟ್ಟಿಯೇ ಆಗಿರುವದು. ಹಿಮ್ಮಡ ಎಷ್ಟು ಒತ್ತಿದೆ, ಹೆಬ್ಬೆರಳು ಯಾವ ಕಡೆಗೆ ವಾಲಿದೆ ಎಂಬುದೆಲ್ಲ ಅದರಲ್ಲಿರುವದು. ಪಡಸಾಲೆಯ ಪಾಠವೂ ಇಲ್ಲಿಂದಲೇ ಆರಂಭವಾಗಲಿ. ಪ್ರತಿಯೊಂದು ಮಗುವೂ ತನ್ನ ನೆರೆಯ ಮಗುವಿನ ಪಾದವನ್ನು ಕಾಗದದ ಮೇಲೆ ಇರಿಸಿ ಸುತ್ತಲೂ ಗೆರೆ ಎಳೆಯಲಿ. ಹಾಗೆ ಎಳೆಯಬೇಕಾದರೆ ಬಾಗಬೇಕು. ಇನ್ನೊಬ್ಬರ ಪಾದವನ್ನು ಕೈಯಿಂದ ಹಿಡಿಯಬೇಕು. ಯಾರ ಮಗು ಯಾರ ಪಾದವನ್ನು ಹಿಡಿಯುವದೆಂದು ಹಿರಿಯರು ಆರಿಸಿ ಕೂಡಿಸಬಾರದು, ಕುಳಿತ ಸಾಲಿನಂತೆಯೇ ನಡೆಯಲಿ.

ಚಮ್ಮಾವುಗೆಗಳನ್ನು ಹಿಡಿದು ದಂಪತಿಗಳು ಮಹಾಮನೆಗೆ ಬಂದಾಗ ಬಸವಣ್ಣನವರು ಅವನ್ನು ಮೆಟ್ಟಲಿಲ್ಲ. ತಲೆಯ ಮೇಲೆ ಹೊತ್ತುಕೊಂಡರು. ಇದನ್ನು ಧರಿಸುವ ಯೋಗ್ಯತೆ ತಮಗಿಲ್ಲವೆಂದು ಮರಳಿ ಹರಳಯ್ಯನವರಿಗೇ ಕೊಟ್ಟರು. ಹರಳಯ್ಯನವರು ಅವನ್ನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದಾಗ ಮಂತ್ರಿಯಾದ ಮಧುವರಸನು ಎದುರಾದನು. ಚೆಲುವಾದ ಪಾದರಕ್ಷೆಗಳನ್ನು ಕಂಡು ಆಸೆಪಟ್ಟು, ಬೇಡವೆಂದರೂ ಕೇಳದೆ ಮೆಟ್ಟಿದನು. ಮೆಟ್ಟಿದೊಡನೆ ಮೈಯೆಲ್ಲ ಉರಿಯತೊಡಗಿತು. ವೈದ್ಯರ ಔಷಧಗಳು ನಾಟಲಿಲ್ಲ. ಕೊನೆಗೆ ಹರಳಯ್ಯನವರ ಮನೆಯ ಬಾನಿಯ ನೀರು ಮೈಗೆ ಸೋಕಿದ ಮೇಲೆ ಆ ಉರಿಯು ಶಮನವಾಯಿತಂತೆ. ಯಾವ ಬಾನಿಯ ಹತ್ತಿರ ಸುಳಿಯಲೂ ಹೇಸುತ್ತಿದ್ದನೋ ಅದರ ನೀರೇ ಅವನಿಗೆ ತೀರ್ಥವಾಯಿತು. ಮಧುವರಸನು ಅಂದಿನಿಂದ ಶರಣರ ಸಂಗವನ್ನು ಸೇರಿದನು.

ಇದಕ್ಕೆ ಹೋಲುವ ಒಂದು ಸಂಗತಿಯು ನಮಗೆ ಹತ್ತಿರದ ಕಾಲದಲ್ಲಿಯೂ ನಡೆದಿದೆ. 1910ರಲ್ಲಿ ದಕ್ಷಿಣ ಆಫ್ರಿಕೆಯ ಜೋಹಾನ್ಸಬರ್ಗದ ಹತ್ತಿರ ಟಾಲ್‌ಸ್ಟಾಯ್ ಆಶ್ರಮವು ಹುಟ್ಟಿದಾಗ, ಗಾಂಧೀಜಿಯವರ ಗೆಳೆಯರಾದ ಕ್ಯಾಲನ್‌ಬ್ಯಾಕ್ ಎಂಬವರು ಕ್ರೈಸ್ತ ಸಂನ್ಯಾಸಿಗಳ ಮಠವೊಂದಕ್ಕೆ ಹೋಗಿ ಪಾದರಕ್ಷೆ ಮಾಡುವದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು. ಆಶ್ರಮದ ಎಳೆಯರಿಗೂ ಆ ಕೆಲಸದ ಪಾಠವಾಯಿತು. ವೈಶ್ಯ ಮನೆತನದಲ್ಲಿ ಹುಟ್ಟಿದ ವಕೀಲರೊಬ್ಬರು ಹುಡುಗರ ನಡುವೆ ಕುಳಿತು ತೊಗಲು ಕೊಯ್ದರು. ತಮ್ಮನ್ನು ಸೆರೆಗೆ ಹಾಕಿದ ಜನರಲ್ ಸ್ಮಟ್ಸರಿಗೆ ಅವರು ತಾವೇ ಮಾಡಿದ ಒಂದು ಜೊತೆಯನ್ನು ಕಾಣಿಕೆಯಾಗಿ ಕೊಟ್ಟರು. ಸ್ಮಟ್ಸರು ಅವನ್ನು ಅನೇಕ ಬೇಸಗೆಗಳಲ್ಲಿ ಧರಿಸಿ, 1939ರಲ್ಲಿ ಗಾಂಧೀಜಿಯವರ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಮರಳಿಸುತ್ತ, ಅಂಥ ಮಹಾಪುರುಷರ ಪಾದರಕ್ಷೆಯಲ್ಲಿ ನಿಲ್ಲುವ ಅರ್ಹತೆ ತಮಗಿಲ್ಲವೆಂಬ ಭಾವವನ್ನು ತಿಳಿಸಿದರು. ಸ್ಮಟ್ಸರು ಹರಳಯ್ಯನವರ ಕಥೆಯನ್ನು ಕೇಳಿರಲಾರರು.

ಚಮ್ಮಾವುಗೆಯ ಪ್ರಸಂಗವನ್ನು ಹೇಳಿ ಅಲ್ಲಿಗೇ ಮಂಗಳ ಹಾಡುವವರು ಹಲವರು. ಆದರೆ ಹರಳಯ್ಯನವರ ಜೀವನದ ನಿಜವಾದ ಪರೀಕ್ಷೆಯು ಬಂದದ್ದು ಅದರ ನಂತರ. ಮಧುವರಸನ ಮಗಳು ಲಾವಣ್ಯಳಿಗೂ ಹರಳಯ್ಯನವರ ಮಗ ಶೀಲವಂತನಿಗೂ ಮದುವೆಯು ಗೊತ್ತಾಯಿತು. ಬ್ರಾಹ್ಮಣ ಮಂತ್ರಿಯ ಮಗಳು ಸಮಗಾರರ ಮನೆಯ ಸೊಸೆಯಾದಳು. ಶರಣರ ದೃಷ್ಟಿಯಲ್ಲಿ ವಧುವರರಿಬ್ಬರೂ ಲಿಂಗವಂತರು. ಹಿಂದಿನ ಕುಲವು ದೀಕ್ಷೆಯೊಡನೆ ಕಳೆದುಹೋಗಿತ್ತು. ಅರಮನೆಗೆ ದೂರು ಕೊಟ್ಟವರ ದೃಷ್ಟಿಯಲ್ಲಿ ಅದು ವರ್ಣಸಂಕರ. ಬಿಜ್ಜಳನು ಇಬ್ಬರು ತಂದೆಯರನ್ನೂ ಹಿಡಿಸಿ, ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಬೀದಿಯಲ್ಲಿ ಎಳೆಸಿದನೆಂದು ಹೇಳುವರು. 1167ರ ಸುಮಾರಿನ ಈ ಘಟನೆಯ ಬೆನ್ನಿಗೇ ಬಿಜ್ಜಳನ ಆಳಿಕೆಯೂ ಮುಗಿಯಿತು. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಇವರು ಅಲ್ಲಯ್ಯ, ಮಧುವಯ್ಯ ಎಂಬ ಹೆಸರಿನಿಂದ ಬರುವರು. ಕಣ್ಣು ಕೀಳಿಸಿದ ಸಂಗತಿಯು ಅಲ್ಲಿದೆ. ಮದುವೆಯ ವಿವರವು ಮುಂದಿನ ಕಾಲದ ಚರಿತ್ರೆಗಳಲ್ಲಿ ಬೆಳೆದು ಬಂದಿದೆ. ಅಸ್ಪೃಶ್ಯತೆಯನ್ನು ಅಳಿಸಿದ ಸಂವಿಧಾನದ 17ನೆಯ ವಿಧಿಯು ಜಾರಿಗೆ ಬಂದದ್ದು 1950ರಲ್ಲಿ. ಲೆಕ್ಕ ಹಾಕುವ ಮಕ್ಕಳು ನಡುವಿನ ವರ್ಷಗಳನ್ನು ತಾವೇ ಎಣಿಸಿಕೊಳ್ಳಲಿ.

ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ದಿಕ್ಕುದಿಕ್ಕಿಗೆ ಚದರಿದರು. ಚೆನ್ನಬಸವಣ್ಣನವರೊಡನೆ ಉಳವಿಯತ್ತ ನಡೆದ ಗುಂಪನ್ನು ಕಾಯುತ್ತ ಬಂದವರಲ್ಲಿ ಡೋಹರ ಕಕ್ಕಯ್ಯನವರೂ ಒಬ್ಬರು. ಕಾದರವಳ್ಳಿಯ ಹೊಳೆದಂಡೆಯಲ್ಲಿ ಕಾಳಗವಾಯಿತೆಂದು ಸ್ಥಳದ ಹಿರಿಯರು ಹೇಳುತ್ತ ಬಂದಿರುವರು. ಕಕ್ಕಯ್ಯನವರು ಖಾನಾಪುರ ತಾಲೂಕಿನ ಕಕ್ಕೇರಿಯಲ್ಲಿ ಐಕ್ಯರಾದರು. ಊರಿಗೆ ಅವರ ಹೆಸರೇ ನಿಂತಿತು. ವಚನದ ಕಟ್ಟುಗಳು ಉಳಿದು ಬರುವದಕ್ಕೆ ತೊಗಲಿನ ಕಾಯಕದವರ ನೆತ್ತರೂ ಸಂದಿದೆ ಎಂಬುದನ್ನು ಹೊಳೆಮಣ್ಣೂರಿನವರು ತಮ್ಮ ಹೊಳೆಯ ನೀರನ್ನು ನೋಡಿಯೇ ನೆನೆಯಬಹುದು.

ಇನ್ನು ಪಾಠದ ಮಾತು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ಅದರಲ್ಲಿ ಸೇರಿದವು. ಗದಗ ಸೇರಲಿಲ್ಲ, ಆದರೂ 1997ರವರೆಗೆ ರೋಣ ತಾಲೂಕು ಧಾರವಾಡ ಜಿಲ್ಲೆಯದೇ ಆಗಿತ್ತು. ಮೊಳೆಯನ್ನು ಬಳಸದೆ ತೊಗಲಿನ ಬಾರಿನಿಂದಲೇ ಅಟ್ಟೆಗಳನ್ನು ಹೊಲಿಯುವದು ಆ ಚಪ್ಪಲಿಯ ವಿಶೇಷ. ಹೆಣಿಗೆಯ ನಾಜೂಕು ಕೆಲಸವು ಬಹಳ ಮಟ್ಟಿಗೆ ಹೆಂಗಸರ ಕೈಯದು. ಕಲ್ಯಾಣಮ್ಮನವರನ್ನು ಕಥೆಯಲ್ಲಿ ಹಿಂದೆ ತಳ್ಳಬಾರದೆಂದು ನಾನು ಹೇಳುವದು ಇದಕ್ಕಾಗಿಯೇ.

ಮೊದಲ ದಿನವೇ ಚಪ್ಪಲಿಗೆ ಕೈಹಾಕಬಾರದು. ಅಂಗೈಯಷ್ಟು ಅಗಲದ ಎರಡು ತುಂಡುಗಳನ್ನು ಕೂಡಿಸಿ ಬಾರಿನಿಂದ ಹೊಲಿದ ಚಿಕ್ಕ ಚೀಲವೊಂದಾದರೆ ಸಾಕು. ತೊಗಲಿನ ನುಣುಪಾದ ಮೈ ಯಾವುದು, ಒರಟಾದ ಒಳಮೈ ಯಾವುದೆಂದು ಬೆರಳಿನಿಂದ ಸವರಿ ಗುರುತಿಸಲಿ. ಗುಂಪು ದೊಡ್ಡದಾಗಿರುವದರಿಂದ ತೂತುಗಳನ್ನು ಹಿಂದಿನ ದಿನವೇ ಹೊಡೆದಿಡಬೇಕು. ಕತ್ತಿಯು ಕಲಿಸುವವರ ಕೈಯಲ್ಲಿಯೇ ಇರತಕ್ಕದ್ದು. ದೊಡ್ಡ ಮಕ್ಕಳು ಸರದಿಯಂತೆ ಬಂದು, ಮರದ ತುಂಡಿನ ಮೇಲೆ, ಎಡಗೈಯನ್ನು ಉಳಿಯ ಮೊನೆಗೆ ಎದುರಾಗಿಸದೆ ಒಂದೊಂದು ತೂತನ್ನು ಹಾಕಿ ನೋಡಲಿ. ಬಾರನ್ನು ನೀರಿನಲ್ಲಿ ನೆನೆಯಿಸಿ ಹೊಲಿದರೆ ಒಣಗಿದಾಗ ಬಿಗಿಯುವದು.

ಕಲಿಸುವದಕ್ಕೆ ಊರಿನ ಸಮಗಾರ ಮನೆತನದ ಹಿರಿಯರನ್ನೇ ಕರೆಯಬೇಕು. ಪಡಸಾಲೆಯಲ್ಲಿ ಪುರಾಣ ಹೇಳುವವರು ಕುಳ್ಳಿರುವ ಜಾಗದಲ್ಲಿ ಅವರಿಗೆ ಆಸನವನ್ನು ಹಾಕಬೇಕು. ಪಾಠ ಮುಗಿದ ಮೇಲೆ ಉಳಿ ಕತ್ತಿಗಳನ್ನು ಎಣಿಸಿ ಅವರಿಗೆ ಒಪ್ಪಿಸಿ, ದಿನದ ಕೂಲಿಯನ್ನು ಎಲ್ಲರ ಎದುರಿಗೆ ಅವರ ಕೈಯಲ್ಲಿಟ್ಟು, ಮಕ್ಕಳೂ ಗೃಹಸ್ಥರೂ ಅವರೊಡನೆ ಒಂದೇ ಸಾಲಿನಲ್ಲಿ ಪ್ರಸಾದಕ್ಕೆ ಕೂಡತಕ್ಕದ್ದು.