ಗೆಲುವಿನ ಮೇಲೆ ಬಾಜಿ ಕಟ್ಟಿದವನು

ಎರಡು ವರ್ಷಗಳ ಹಿಂದೆ, ಬೇಸಿಗೆಯಲ್ಲಿ, ಮಗಳ ಮನೆಗೆಂದು ಅಮೆರಿಕದ ನ್ಯೂಜೆರ್ಸಿಗೆ ಹೋಗಿದ್ದೆ. ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್ ಪಂದ್ಯಗಳು ನಡೆಯುತ್ತಿದ್ದ ಕಾಲ ಅದು. ಒಂದು ರಾತ್ರಿ ಅಳಿಯನ ಗೆಳೆಯರು ನಾಲ್ಕೈದು ಮಂದಿ ಟಿ.ವಿ. ಮುಂದೆ ಸೇರಿದ್ದರು. ಪಂದ್ಯ ಆಗಲೇ ತೀರ್ಮಾನವಾದಂತಿತ್ತು. ಒಂದು ತಂಡ ಹತ್ತು ಅಂಕಗಳಿಂದ ಮುಂದಿತ್ತು. ಉಳಿದಿದ್ದುದು ಕೆಲವೇ ಸೆಕೆಂಡುಗಳು. ಸೋಲುತ್ತಿದ್ದ ತಂಡದ ಆಟಗಾರನೊಬ್ಬ ದೂರದಿಂದ ಸುಮ್ಮನೆ ಎಸೆದ ಚೆಂಡು ಬುಟ್ಟಿಯೊಳಗೆ ಬಿತ್ತು. ಮೂರು ಅಂಕ ಬಂತು, ಫಲಿತಾಂಶ ಬದಲಾಗಲಿಲ್ಲ. ಆದರೂ ಕುಳಿತವರಲ್ಲಿ ಒಬ್ಬ ಹುಡುಗ ಎದ್ದು ಕುಣಿದ. ಇನ್ನೊಬ್ಬ ತಲೆಯ ಮೇಲೆ ಕೈಹೊತ್ತು ಕುಳಿತ.

ಕಾಲೇಜಿನ ದಿನಗಳಲ್ಲಿ ಅಷ್ಟಿಷ್ಟು ಬ್ಯಾಸ್ಕೆಟ್‌ಬಾಲ್ ಆಡಿದವನಾದರೂ ಈ ಸಂಭ್ರಮ ನನಗೆ ಅರ್ಥವಾಗಲಿಲ್ಲ. ಅಳಿಯ ವಿವರಿಸಿದ. ಈ ಬಾಜಿಯಲ್ಲಿ ಯಾರು ಗೆಲ್ಲುತ್ತಾರೆ ಎಂಬುದು ಮುಖ್ಯವಲ್ಲ, ಎಷ್ಟು ಅಂಕಗಳ ಅಂತರದಿಂದ ಗೆಲ್ಲುತ್ತಾರೆ ಎಂಬುದೇ ಮುಖ್ಯ. ಬಲಿಷ್ಠ ತಂಡವು ಎಂಟೂವರೆ ಅಂಕಗಳಿಗಿಂತ ಹೆಚ್ಚಿನ ಅಂತರದಿಂದ ಗೆದ್ದರೆ ಅದರ ಮೇಲೆ ಹಣ ಕಟ್ಟಿದವರಿಗೆ ಲಾಭ. ಅಂತರ ಅದಕ್ಕಿಂತ ಕಡಿಮೆಯಾದರೆ, ಸೋತ ತಂಡದ ಮೇಲೆ ಕಟ್ಟಿದವರಿಗೆ ಲಾಭ. ಹತ್ತು ಇದ್ದ ಅಂತರ ಕೊನೆಯ ಎಸೆತದಿಂದ ಏಳಕ್ಕೆ ಇಳಿದಿತ್ತು. ಇದಕ್ಕೆ ಅಲ್ಲಿ ಪಾಯಿಂಟ್ ಸ್ಪ್ರೆಡ್ ಎನ್ನುತ್ತಾರೆ. ಹುಡುಗರು ಹಣ ಕಟ್ಟಿದ್ದು ಯಾವ ಕತ್ತಲೆಯ ಕೋಣೆಯಲ್ಲೂ ಅಲ್ಲ. ಕೈಯಲ್ಲಿದ್ದ ಮೊಬೈಲಿನಲ್ಲಿ, ಕಾನೂನುಬದ್ಧವಾಗಿ.

ಆ ರಾತ್ರಿ ನನಗೆ ನೆನಪಾದವನು ಜ್ಯಾಕ್ ಮೊಲಿನಾಸ್. ಬೆಂಗಳೂರಿನಲ್ಲಿ ಕಾನೂನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ಅವನ ಮೊಕದ್ದಮೆಯ ತೀರ್ಪನ್ನು ನಾನು ಅನೇಕ ಬಾರಿ ತರಗತಿಯಲ್ಲಿ ಚರ್ಚಿಸಿದ್ದೆ. ತನ್ನ ತಂಡ ಗೆಲ್ಲುತ್ತದೆಂದು ಬಾಜಿ ಕಟ್ಟಿದವನಿಗೆ ಜೀವನವಿಡೀ ನಿಷೇಧ ವಿಧಿಸಿದ್ದು ತಪ್ಪಿಗೆ ಮೀರಿದ ಶಿಕ್ಷೆ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಈಗ ಹಾಗೆ ಹೇಳಲಾರೆ. ಏಕೆ ಎಂಬುದನ್ನು ತಿಳಿಸಬೇಕಾದರೆ ಅವನ ಕಥೆಯನ್ನು ಮೊದಲಿನಿಂದ ಹೇಳಬೇಕು.

ಮೊಲಿನಾಸ್ ಹುಟ್ಟಿದ್ದು 1931ರಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ತಂದೆ ಕೋನಿ ಐಲೆಂಡ್‌ನಲ್ಲಿ ಮದ್ಯದಂಗಡಿ ನಡೆಸುತ್ತಿದ್ದರು. ಮನೆಯಲ್ಲಿ ಬಡತನವಿರಲಿಲ್ಲ. ಹುಡುಗ ಅಸಾಧಾರಣ ಬುದ್ಧಿವಂತ. ಪ್ರವೇಶ ಪರೀಕ್ಷೆಯಲ್ಲಿ ಪ್ರತಿಭೆ ಅಳೆದು ಸೇರಿಸಿಕೊಳ್ಳುವ ಸ್ಟೈವೆಸೆಂಟ್ ಪ್ರೌಢಶಾಲೆಯಲ್ಲಿ ಓದಿದವನು. ಆರೂವರೆ ಅಡಿ ಎತ್ತರ, ಚೆಂಡಿನ ಮೇಲೆ ಪೂರ್ಣ ಹಿಡಿತ. ಅಲ್ಲಿಂದ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ. 1950-51ರ ಋತುವಿನ ಲೀಗ್ ಹಂತದಲ್ಲಿ ಒಂದು ಪಂದ್ಯವನ್ನೂ ಸೋಲದ ಕೊಲಂಬಿಯಾ ತಂಡದಲ್ಲಿ ಅವನೂ ಇದ್ದ.

ಅದೇ 1951ರಲ್ಲಿ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್ ತಲೆತಗ್ಗಿಸುವಂತಾಯಿತು. ಹಿಂದಿನ ವರ್ಷವಷ್ಟೇ ದೇಶದ ಎರಡೂ ದೊಡ್ಡ ಪ್ರಶಸ್ತಿಗಳನ್ನು ಗೆದ್ದಿದ್ದ ನ್ಯೂಯಾರ್ಕಿನ ಸಿಟಿ ಕಾಲೇಜಿನ ಆಟಗಾರರು ಬುಕ್ಕಿಗಳಿಂದ ಹಣ ಪಡೆದು ಅಂಕಗಳ ಅಂತರವನ್ನು ತಗ್ಗಿಸಿದ್ದರೆಂಬುದು ಬಯಲಾಯಿತು. ಇನ್ನೂ ಹಲವು ಕಾಲೇಜುಗಳ ಹೆಸರು ಹೊರಬಂದವು. ಈ ಮೋಸದ ಮರ್ಮವೆಲ್ಲ ಪಾಯಿಂಟ್ ಸ್ಪ್ರೆಡ್‌ನಲ್ಲಿಯೇ ಇದೆ. ಪಂದ್ಯ ಸೋಲಲು ಯಾವ ಆಟಗಾರನ ಮನಸ್ಸೂ ಸುಲಭವಾಗಿ ಒಪ್ಪುವುದಿಲ್ಲ. ಆದರೆ ಹನ್ನೆರಡು ಅಂಕಗಳಿಂದ ಗೆಲ್ಲಬಹುದಾದ ಪಂದ್ಯವನ್ನು ಐದು ಅಂಕಗಳಿಂದ ಗೆದ್ದರೆ ಯಾರಿಗೆ ನಷ್ಟ? ತಂಡ ಗೆದ್ದೇ ಇರುತ್ತದೆ. ಎಸೆತ ಅಲ್ಪ ಗುರಿ ತಪ್ಪಿತು, ಕಾಲು ಒಂದು ಕ್ಷಣ ತಡವಾಯಿತು, ಅಷ್ಟೆ. ಅಂತರಾತ್ಮಕ್ಕೆ ಸಮಜಾಯಿಷಿ ಹೇಳಿಕೊಳ್ಳಲು ಇದಕ್ಕಿಂತ ಅನುಕೂಲವಾದ ವ್ಯವಸ್ಥೆ ಬೇರೊಂದಿಲ್ಲ.

1953ರಲ್ಲಿ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ ಮೊಲಿನಾಸ್‌ಗೆ ಮೂರನೆಯ ಸ್ಥಾನ ದೊರೆಯಿತು. ಅವನನ್ನು ಪಡೆದದ್ದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಪಿಸ್ಟನ್ಸ್ ತಂಡ. ಎಂಜಿನ್ನಿನ ಪಿಸ್ಟನ್ ತಯಾರಿಸುತ್ತಿದ್ದ ಉದ್ಯಮಿ ಫ್ರೆಡ್ ಝೋಲ್ನರ್ ಅದರ ಮಾಲೀಕರು. ಮೊದಲ ಋತುವಿನಲ್ಲೇ ಅವನು ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದ. ಆದರೆ ಆ ಪಂದ್ಯ ಆಡಲಿಲ್ಲ. 1954ರ ಜನವರಿಯಲ್ಲಿ ಪೊಲೀಸರ ಮುಂದೆ ಅವನು ಲಿಖಿತ ಹೇಳಿಕೆ ಕೊಡಬೇಕಾಯಿತು. ನ್ಯೂಯಾರ್ಕಿನಲ್ಲಿದ್ದ ಒಬ್ಬ ವ್ಯಕ್ತಿಗೆ ದೂರವಾಣಿ ಕರೆ ಮಾಡಿ, ಆ ದಿನದ ಪಂದ್ಯದ ಸ್ಪ್ರೆಡ್ ಎಷ್ಟೆಂದು ತಿಳಿದು, ತನ್ನ ತಂಡದ ಗೆಲುವಿನ ಮೇಲೆ ಬಾಜಿ ಕಟ್ಟುತ್ತಿದ್ದೆನೆಂದು ಒಪ್ಪಿಕೊಂಡ. ಕರೆಗಳ ವೆಚ್ಚವೂ ಸೇರಿ ಅವನ ಕೈಗೆ ಬಂದದ್ದು ಸುಮಾರು 400 ಡಾಲರ್. ಲೀಗ್ ಅಧ್ಯಕ್ಷ ಮಾರಿಸ್ ಪೊಡೊಲಾಫ್ ಕೂಡಲೇ ಅವನನ್ನು ಅಮಾನತುಗೊಳಿಸಿದರು. ಆ ಬಾಗಿಲು ಅವನಿಗೆ ಮತ್ತೆಂದೂ ತೆರೆಯಲಿಲ್ಲ. ಆಗ ಅವನ ವಯಸ್ಸು 22.

ಮೊಲಿನಾಸ್ ಬ್ರೂಕ್ಲಿನ್ ಕಾನೂನು ಕಾಲೇಜು ಸೇರಿ ವಕೀಲನಾದ. ವಾರಾಂತ್ಯಗಳಲ್ಲಿ ಪೆನ್ಸಿಲ್ವೇನಿಯಾದ ಸಣ್ಣ ಊರುಗಳ ಲೀಗಿನಲ್ಲಿ ಆಡಿದ. ಬಳಿಕ ತನ್ನನ್ನು ಹೊರಗಿಟ್ಟಿದ್ದು ಸ್ಪರ್ಧಾ ಕಾನೂನಿಗೆ ವಿರುದ್ಧವೆಂದು ವಾದಿಸಿ ಎನ್‌ಬಿಎ ಮೇಲೆ ಮೂವತ್ತು ಲಕ್ಷ ಡಾಲರ್‌ಗಳ ದಾವೆ ಹೂಡಿದ. ನಾನು ಪಾಠ ಹೇಳುತ್ತಿದ್ದುದು ಈ ದಾವೆಯ ತೀರ್ಪನ್ನೇ. 1961ರಲ್ಲಿ ನ್ಯಾಯಾಧೀಶ ಅರ್ವಿಂಗ್ ಕಾಫ್‌ಮನ್ ಅದನ್ನು ವಜಾ ಮಾಡಿದರು. ಸೋಲುವುದಕ್ಕಲ್ಲ, ಗೆಲ್ಲುವುದಕ್ಕೇ ಬಾಜಿ ಕಟ್ಟಿದ್ದೆನೆಂಬ ವಾದವನ್ನು ಅವರು ಒಪ್ಪಲಿಲ್ಲ. ಪಾಯಿಂಟ್ ಸ್ಪ್ರೆಡ್ ಇರುವ ಆಟದಲ್ಲಿ ಅಂಥ ಬಾಜಿಯೂ ಆಟದ ಬುಡಕ್ಕೇ ಕೊಡಲಿ ಹಾಕುತ್ತದೆಂಬ ಲೀಗಿನ ಆತಂಕ ನ್ಯಾಯವಾದದ್ದೆಂದು ಅವರು ಕಂಡರು.

ತರಗತಿಯಲ್ಲಿ ನಾನು ನ್ಯಾಯಾಧೀಶರ ವಿರುದ್ಧ ವಾದಿಸುತ್ತಿದ್ದೆ. ನಾನು ಗಮನಿಸದೆ ಹೋದದ್ದು ಒಂದು ಸರಳ ಸಂಗತಿ. ಪ್ರತಿ ಪಂದ್ಯಕ್ಕೂ ಮುನ್ನ ಆಟಗಾರ ಕರೆ ಮಾಡಿ ಸ್ಪ್ರೆಡ್ ಕೇಳುತ್ತಾನೆ. ಒಂದು ದಿನ ಬಾಜಿ ಕಟ್ಟುತ್ತಾನೆ, ಇನ್ನೊಂದು ದಿನ ಕಟ್ಟುವುದಿಲ್ಲ. ಕಟ್ಟದ ದಿನ ಬುಕ್ಕಿಗೆ ಏನು ತಿಳಿಯುತ್ತದೆ? ತಂಡದಲ್ಲಿ ಯಾರಿಗೋ ಗಾಯವಾಗಿದೆ, ಇವತ್ತು ಗೆಲುವಿನ ಭರವಸೆಯಿಲ್ಲ ಎಂಬುದು. ಆಟಗಾರನ ಮೌನವೂ ಅಲ್ಲಿ ಮಾರಾಟಕ್ಕಿರುವ ಸರಕು. ಅಲ್ಲದೆ, ಪಂದ್ಯ ಗೆದ್ದರೂ ಸ್ಪ್ರೆಡ್ ದಾಟದಿದ್ದರೆ ಅವನಿಗೆ ಹಣ ನಷ್ಟ. ಆದ್ದರಿಂದ ತಂಡದ ಹಿತ ಬೇರೆ, ಅವನ ಹಿತ ಬೇರೆ. ಗೆಲುವಿನ ಮೇಲೆ ಬಾಜಿ ಕಟ್ಟಿದೆನೆಂಬ ಮಾತು ಕೇಳಲು ನಿರಪಾಯವಾಗಿದ್ದರೂ ಅದರೊಳಗೆ ಸತ್ಯ ಅರ್ಧವೇ ಇದೆ.

ಉಳಿದ ಅರ್ಧ ಬಯಲಿಗೆ ಬರಲು ಬಹಳ ದಿನ ಹಿಡಿಯಲಿಲ್ಲ. ತನಗೆ ಅನ್ಯಾಯವಾಯಿತೆಂದು ನ್ಯಾಯಾಲಯದಲ್ಲಿ ವಾದಿಸುತ್ತಿದ್ದ ವರ್ಷಗಳಲ್ಲೇ ಮೊಲಿನಾಸ್ ದೇಶದ ಅತಿ ದೊಡ್ಡ ಮೋಸದಾಟದ ಜಾಲವೊಂದನ್ನು ನಡೆಸುತ್ತಿದ್ದ. ಬಾಲ್ಯದಿಂದ ಪರಿಚಿತನಾಗಿದ್ದ ಬುಕ್ಕಿ ಜೋ ಹ್ಯಾಕನ್ ಅವನ ಜೊತೆಗಾರ. ಕಾಲೇಜು ಆಟಗಾರರನ್ನು ಹುಡುಕುವುದು, ಊಟ ಹಾಕಿಸುವುದು, ಕೈಗೆ ಅಷ್ಟಿಷ್ಟು ಹಣ ಕೊಡುವುದು, ಮುಂದೆ ಅಂಕಗಳ ಅಂತರ ತಗ್ಗಿಸಲು ಒಪ್ಪಿಸುವುದು ಅವರ ಕ್ರಮ. ಮ್ಯಾನ್‌ಹ್ಯಾಟನ್ನಿನ ಜಿಲ್ಲಾ ಅಟಾರ್ನಿ ಫ್ರ್ಯಾಂಕ್ ಹೋಗನ್ 1961ರಲ್ಲಿ ಈ ಜಾಲವನ್ನು ಭೇದಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಕಾಲೇಜುಗಳ ಹೆಸರು ಬಂದವು. ಆಟಗಾರನೊಬ್ಬ ಮೈಮೇಲೆ ಧ್ವನಿಗ್ರಾಹಕ ಬಚ್ಚಿಟ್ಟುಕೊಂಡು ಮೊಲಿನಾಸ್‌ನ ಮಾತುಗಳನ್ನು ಮುದ್ರಿಸಿಕೊಟ್ಟ. 1963ರಲ್ಲಿ ಅವನಿಗೆ 10ರಿಂದ 15 ವರ್ಷಗಳ ಸೆರೆವಾಸವಾಯಿತು. ಶಿಕ್ಷೆ ಆಮೇಲೆ ತಗ್ಗಿತು, 1968ರಲ್ಲಿ ಬಿಡುಗಡೆಯಾಯಿತು. ವಕೀಲಿಕೆಯ ಸನ್ನದನ್ನು ಅಷ್ಟರಲ್ಲಿ ಕಳೆದುಕೊಂಡಿದ್ದ.

ಆದರೆ ಈ ಕಥೆಯಲ್ಲಿ ನನ್ನನ್ನು ಕಾಡುವುದು ಮೊಲಿನಾಸ್‌ನ ಸೆರೆವಾಸವಲ್ಲ. ಬ್ರೂಕ್ಲಿನ್ನಿನ ಬಡ ಕಪ್ಪು ಕುಟುಂಬಗಳ ಇಬ್ಬರು ಹುಡುಗರು, ಕೋನಿ ಹಾಕಿನ್ಸ್ ಮತ್ತು ರೋಜರ್ ಬ್ರೌನ್. ಇಬ್ಬರನ್ನೂ ಮೊಲಿನಾಸ್ ಪರಿಚಯ ಮಾಡಿಕೊಂಡಿದ್ದ. ಹಾಕಿನ್ಸ್ ಅವನಿಂದ 200 ಡಾಲರ್ ಸಾಲ ಪಡೆದಿದ್ದ. ಹಗರಣ ಬಯಲಾಗುವ ಮೊದಲೇ ಅವನ ಅಣ್ಣ ಅದನ್ನು ತೀರಿಸಿದ್ದ. ಇಬ್ಬರೂ ಒಂದು ಪಂದ್ಯದಲ್ಲಾದರೂ ಮೋಸವೆಸಗಿದರೆಂಬ ಆರೋಪ ಯಾವ ನ್ಯಾಯಾಲಯದಲ್ಲೂ ದಾಖಲಾಗಲಿಲ್ಲ. ಆದರೂ ಕಾಲೇಜುಗಳು ಅವರನ್ನು ಹೊರಹಾಕಿದವು, ಎನ್‌ಬಿಎ ಬಾಗಿಲು ಮುಚ್ಚಿತು. ಬ್ರೌನ್ ಓಹಾಯೊದ ಡೇಟನ್‌ನಲ್ಲಿ ಕಾರ್ಖಾನೆ ಕೆಲಸಕ್ಕೆ ಸೇರಿದ. ಹಾಕಿನ್ಸ್ ಪ್ರದರ್ಶನ ಪಂದ್ಯಗಳನ್ನಾಡುತ್ತ ಊರೂರು ಅಲೆದ. ತಾನೂ ದಾವೆ ಹೂಡಿ 1969ರಲ್ಲಿ ರಾಜಿಯಾಗಿ ಎನ್‌ಬಿಎ ಪ್ರವೇಶಿಸುವ ವೇಳೆಗೆ ಎಂಟು ವರ್ಷ ಕಳೆದಿದ್ದವು. ಹಾಕಿನ್ಸ್‌ಗೆ 1992ರಲ್ಲಿ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನದ ಗೌರವ ಸಂದಿತು. ಬ್ರೌನ್‌ಗೆ ಅದು ಸಂದದ್ದು 2013ರಲ್ಲಿ. ಅವನು ತೀರಿಕೊಂಡು ಆಗಲೇ 16 ವರ್ಷಗಳಾಗಿದ್ದವು.

ಧರ್ಮರಾಯನ ದ್ಯೂತದ ಕಥೆಯನ್ನು ಕೇಳಿ ಬೆಳೆದವರಿಗೆ ಇದು ಅಪರಿಚಿತವಲ್ಲ. ದಾಳ ಹಿಡಿದವನು ಒಬ್ಬ. ಸಭೆಗೆ ಎಳೆತರಲ್ಪಟ್ಟವಳು ದಾಳ ಮುಟ್ಟದವಳು. ಜೂಜು ತಾನು ಆಡದವರಿಂದಲೂ ಸಾಲ ವಸೂಲಿ ಮಾಡುತ್ತದೆ.

ವಸೂಲಿಗೆ ಇನ್ನೊಂದು ಬಗೆಯೂ ಇದೆ. ಮೊಲಿನಾಸ್ ಹೊರಬಿದ್ದ ಮರುವರ್ಷ, 1955ರಲ್ಲಿ, ಅದೇ ಪಿಸ್ಟನ್ಸ್ ತಂಡ ಪ್ಲೇಆಫ್‌ನ ಅಂತಿಮ ಸರಣಿಯನ್ನು ತಲುಪಿತು. ಸಿರಾಕ್ಯೂಸ್ ವಿರುದ್ಧದ ಏಳನೆಯ ಪಂದ್ಯದಲ್ಲಿ ಒಂದು ಹಂತದಲ್ಲಿ 17 ಅಂಕಗಳಿಂದ ಮುಂದಿದ್ದ ತಂಡ ಕೊನೆಗೆ 92-91ರಿಂದ ಸೋತಿತು. ಕೊನೆಯ ಕ್ಷಣದಲ್ಲಿ ಎದುರಾಳಿ ಚೆಂಡನ್ನು ಕಸಿದುಕೊಂಡ. ಎಲ್ಲ ಆಟಗಳಲ್ಲೂ ಹೀಗಾಗುತ್ತದೆ. ಆದರೆ ಆ ಸರಣಿಯ ಬಗ್ಗೆ ಗುಸುಗುಸು ಇಂದಿಗೂ ನಿಂತಿಲ್ಲ. ಯಾವ ಆರೋಪವೂ ಸಾಬೀತಾಗಿಲ್ಲ. ಎಲ್ಲರೂ ಪ್ರಾಮಾಣಿಕವಾಗಿಯೇ ಆಡಿದ್ದಿರಬಹುದು. ಒಮ್ಮೆ ಅನುಮಾನ ಹೊಕ್ಕ ಮೇಲೆ ಸಹಜವಾದ ಸೋಲಿಗೂ ಕೊಂಡುಕೊಂಡ ಸೋಲಿಗೂ ವ್ಯತ್ಯಾಸ ತೋರಿಸಲು ಯಾರಿಗೂ ಸಾಧ್ಯವಿಲ್ಲ. ಪ್ರಾಮಾಣಿಕ ಆಟಗಾರನಿಗೆ ಪ್ರಾಮಾಣಿಕವಾಗಿ ಸೋಲುವ ಹಕ್ಕೂ ಇಲ್ಲದಂತಾಗುತ್ತದೆ.

ಬಿಡುಗಡೆಯ ಬಳಿಕ ಮೊಲಿನಾಸ್ ಲಾಸ್ ಏಂಜಲೀಸ್‌ಗೆ ಹೋದ. ತುಪ್ಪಳದ ಉಡುಪಿನ ವ್ಯಾಪಾರ, ಅಶ್ಲೀಲ ಚಿತ್ರಗಳ ವ್ಯವಹಾರ, ಅದರ ಜೊತೆಗೆ ಬಿಡದ ಜೂಜು. ವ್ಯಾಪಾರದ ಪಾಲುದಾರನೊಬ್ಬ 1974ರಲ್ಲಿ ಕೊಲೆಯಾದ. 1975ರ ಆಗಸ್ಟ್ 3ರ ರಾತ್ರಿ ಹಾಲಿವುಡ್ ಬೆಟ್ಟದ ಮನೆಯ ಹಿತ್ತಲಿನಲ್ಲಿದ್ದಾಗ ಮೊಲಿನಾಸ್‌ನ ತಲೆಗೂ ಗುಂಡು ಬಿತ್ತು. ಅವನಿಗೆ ಆಗ 43 ವರ್ಷ.

ಅವನ ಕಾಲದಲ್ಲಿ ಗುಟ್ಟಾಗಿ ನಡೆಯುತ್ತಿದ್ದುದು ಇಂದು ಜಾಹೀರಾತಾಗಿದೆ. ಕ್ರೀಡಾ ಬಾಜಿಗೆ ಅವಕಾಶ ಕೊಡದಂತೆ ರಾಜ್ಯಗಳ ಕೈಕಟ್ಟಿದ್ದ ಕೇಂದ್ರ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2018ರಲ್ಲಿ ರದ್ದುಪಡಿಸಿತು. ಆ ಮೊಕದ್ದಮೆಯನ್ನು ಗೆದ್ದದ್ದು ನನ್ನ ಮಗಳು ನೆಲೆಸಿರುವ ನ್ಯೂಜೆರ್ಸಿಯೇ. ಎನ್‌ಬಿಎ ತಾನೇ ಬಾಜಿ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಗುಟ್ಟಿಗಿಂತ ಬಯಲು ಮೇಲು, ಬಯಲಿನಲ್ಲಿ ಮೋಸ ಬೇಗ ಪತ್ತೆಯಾಗುತ್ತದೆ ಎಂಬ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. 2024ರಲ್ಲಿ ಟೊರಾಂಟೊ ತಂಡದ ಜಾಂಟೆ ಪೋರ್ಟರ್ ತನ್ನ ಆರೋಗ್ಯದ ಗುಟ್ಟನ್ನು ಬಾಜಿದಾರರಿಗೆ ತಿಳಿಸಿ, ಪಂದ್ಯದ ನಡುವೆ ಹೊರನಡೆದದ್ದು ಪತ್ತೆಯಾದುದೂ ಹಾಗೆಯೇ. ಅಸಹಜವಾದ ಬಾಜಿಯ ಮೊತ್ತವೇ ಅವನನ್ನು ಹಿಡಿದುಕೊಟ್ಟಿತು. ಅವನಿಗೂ ಆಜೀವ ನಿಷೇಧವಾಯಿತು. ಆದರೆ ಒಬ್ಬ ಆಟಗಾರ ಎಷ್ಟು ಅಂಕ ಗಳಿಸುತ್ತಾನೆ ಎಂಬುದರ ಮೇಲೂ ಬಾಜಿಗೆ ಅವಕಾಶವಿರುವಾಗ ಪ್ರಲೋಭನೆಯನ್ನು ಅಂಗಡಿಯ ಮುಂದೆ ತೂಗುಹಾಕಿದವರು ಯಾರು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ನಮ್ಮಲ್ಲಿಯೂ ಈ ಪ್ರಶ್ನೆ ಇತ್ಯರ್ಥವಾಗಿಲ್ಲ. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್ ಪಂದ್ಯಗಳ ಫಿಕ್ಸಿಂಗ್ ಆರೋಪದಲ್ಲಿ 2019ರಲ್ಲಿ ಬೆಂಗಳೂರು ಪೊಲೀಸರು ಆಟಗಾರರನ್ನು ಬಂಧಿಸಿದ್ದು ಓದುಗರಿಗೆ ನೆನಪಿರಬಹುದು. ಮ್ಯಾಚ್ ಫಿಕ್ಸಿಂಗ್ ಭಾರತೀಯ ದಂಡ ಸಂಹಿತೆಯಡಿ ವಂಚನೆಯಾಗುವುದಿಲ್ಲವೆಂದು 2022ರ ಜನವರಿಯಲ್ಲಿ ರಾಜ್ಯ ಹೈಕೋರ್ಟ್ ಹೇಳಿತು. 2025ರ ಆಗಸ್ಟ್‌ನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು. ನಿಷೇಧವೊಂದರಿಂದಲೇ ಜೂಜು ನಿಲ್ಲದೆಂಬುದಕ್ಕೆ ಮೊಲಿನಾಸ್‌ನ ನ್ಯೂಯಾರ್ಕೇ ಸಾಕ್ಷಿ. ಆದರೆ ಹಣ ತೆತ್ತು ಪಂದ್ಯ ನೋಡಿದವನಿಗೆ ಅಂಗಳದಲ್ಲಿ ನಡೆದದ್ದು ನಟನೆಯಾಗಿದ್ದರೆ ಅವನು ಕಳೆದುಕೊಂಡದ್ದನ್ನು ಕಾನೂನು ಯಾವ ಹೆಸರಿನಿಂದ ಕರೆಯಬೇಕು ಎಂಬುದನ್ನು ನಾವಿನ್ನೂ ಯೋಚಿಸಬೇಕಾಗಿದೆ.

ಆ ರಾತ್ರಿ ಅಳಿಯನ ಗೆಳೆಯರಿಗೆ ನಾನು ಈ ಕಥೆ ಹೇಳಿದೆ. ಕುಣಿದ ಹುಡುಗ ಗೌರವದಿಂದಲೇ ಕೇಳಿಸಿಕೊಂಡ. ಮೊಲಿನಾಸ್ ಆಟಗಾರ, ತಾನು ಕೇವಲ ಪ್ರೇಕ್ಷಕ, ಇಪ್ಪತ್ತು ಡಾಲರಿನಿಂದ ಯಾರಿಗೆ ಕೇಡು ಎಂದು ಕೇಳಿದ. ನ್ಯಾಯವಾದ ಪ್ರಶ್ನೆ, ಆ ಕ್ಷಣದಲ್ಲಿ ನಾನು ಉತ್ತರಿಸಲಿಲ್ಲ. ತಡವಾದ್ದರಿಂದ ಅವನು ಅಲ್ಲಿಯೇ ಮಲಗಿದ. ಬೆಳಿಗ್ಗೆ, ಪಂದ್ಯ ಮುಗಿಯುವ ಮೊದಲೇ ನಿದ್ದೆಹೋಗಿದ್ದ ನನ್ನ ಮೊಮ್ಮಗ ಕಣ್ಣುಜ್ಜಿಕೊಳ್ಳುತ್ತ ಬಂದು ಯಾರು ಗೆದ್ದರೆಂದು ಅವನನ್ನೇ ಕೇಳಿದ. ಹುಡುಗ ಮೊದಲು ಹೇಳಿದ್ದು ಏಳು ಅಂಕಗಳ ಅಂತರವೆಂದು. ಗೆದ್ದ ತಂಡದ ಹೆಸರು ಹೇಳಲು ಮೊಮ್ಮಗ ಇನ್ನೊಮ್ಮೆ ಕೇಳಬೇಕಾಯಿತು.