ಎಡಗೈ ಹರಳು, ಬಲಗೈ ಹರಳು

ಲೂಯಿ ಪಾಶ್ಚರ್ ಅವರ ಹೆಸರು ನಮಗೆಲ್ಲ ಗೊತ್ತು. ಹಾಲಿನ ಪ್ಯಾಕೆಟ್ಟಿನ ಮೇಲೆ ದಿನಾ ಅವರ ಹೆಸರು ಅಚ್ಚಾಗಿ ಬರುತ್ತದೆ. ಹುಚ್ಚುನಾಯಿ ಕಡಿತದ ಲಸಿಕೆ ಎಂದರೂ ಅವರೇ. ಆದರೆ ಇವೆರಡಕ್ಕಿಂತ ಎಷ್ಟೋ ಮೊದಲು, ಇಪ್ಪತ್ತೈದನೇ ವಯಸ್ಸಿನಲ್ಲಿ, ಅವರು ಮಾಡಿದ ಒಂದು ಕೆಲಸದ ಬಗ್ಗೆ ಬರೆಯಬೇಕೆಂದು ನನಗೆ ಆಸೆ. ನಾನು ಕಾಮರ್ಸ್ ಓದುವವಳು, ಕೆಮಿಸ್ಟ್ರಿಯನ್ನು ಹತ್ತನೇ ತರಗತಿಗೇ ಬಿಟ್ಟವಳು. ಆದರೂ ಇದು ಅರ್ಥವಾಯಿತು, ಏಕೆಂದರೆ ಇದಕ್ಕೆ ಬೇಕಾಗಿರುವುದು ಎರಡು ಕೈ ಮಾತ್ರ.

ಪಾಶ್ಚರ್ ಹುಟ್ಟಿದ್ದು 1822ರ ಡಿಸೆಂಬರ್ 27ರಂದು, ಫ್ರಾನ್ಸಿನ ದೋಲ್ ಎಂಬ ಊರಿನಲ್ಲಿ. ತಂದೆ ನೆಪೋಲಿಯನ್ ಸೈನ್ಯದಲ್ಲಿ ಇದ್ದು ಬಂದವರು, ಚರ್ಮ ಹದ ಮಾಡುವುದು ಅವರ ಕಸುಬು. ಹುಡುಗ ಚೆನ್ನಾಗಿ ಚಿತ್ರ ಬರೆಯುತ್ತಿದ್ದ. ಹದಿನೈದು ವರ್ಷದವನಿದ್ದಾಗ ಓದಲೆಂದು ಪ್ಯಾರಿಸ್ಸಿಗೆ ಕಳಿಸಿದರೆ ಮನೆಯ ನೆನಪು ತಡೆಯಲಾರದೆ ಕೆಲವೇ ವಾರಗಳಲ್ಲಿ ವಾಪಸ್ ಬಂದ. 1842ರ ವಿಜ್ಞಾನ ಪದವಿ ಪರೀಕ್ಷೆಯಲ್ಲಿ ರಸಾಯನಶಾಸ್ತ್ರಕ್ಕೆ ಸಿಕ್ಕಿದ್ದು ಸಾಧಾರಣ ದರ್ಜೆ. ಅದೇ ವರ್ಷ ಪ್ಯಾರಿಸ್ಸಿನ ಎಕೋಲ್ ನಾರ್ಮಾಲ್ ಎಂಬ ದೊಡ್ಡ ವಿದ್ಯಾಸಂಸ್ಥೆಯ ಪ್ರವೇಶ ಪರೀಕ್ಷೆಯಲ್ಲಿ ಹೆಸರು ಬಂದರೂ ಸ್ಥಾನ ಬಹಳ ಕೆಳಗಿತ್ತು. ಅವರು ಆ ಸೀಟು ಬಿಟ್ಟು, ಇನ್ನೊಂದು ವರ್ಷ ಓದಿ, 1843ರಲ್ಲಿ ಸೇರಿದರು. ಸಿಇಟಿ, ನೀಟ್ ಎರಡನೇ ಸಲ ಬರೆಯುವ ನಮ್ಮ ಅಕ್ಕ ಅಣ್ಣಂದಿರು ಇದನ್ನು ಗಮನಿಸಲಿ.

ಈಗ ಹರಳಿನ ವಿಷಯ. ದ್ರಾಕ್ಷಾರಸ ಹುಳಿಯುವ ಪೀಪಾಯಿಗಳ ಗೋಡೆಗೆ ಟಾರ್ಟಾರಿಕ್ ಆಮ್ಲದ ಲವಣ ಅಂಟಿಕೊಳ್ಳುತ್ತದೆ. ಪೀಪಾಯಿಗೂ ನಮಗೂ ಸಂಬಂಧವಿಲ್ಲ ಬಿಡಿ, ಆದರೆ ಇದೇ ಆಮ್ಲ ನಮ್ಮ ಸಾರಿನ ಹುಣಸೆಹುಳಿಯಲ್ಲೂ ಇದೆ. ಇದನ್ನು ನೀರಿನಲ್ಲಿ ಕರಗಿಸಿ ಒಂದು ವಿಶೇಷ ಬಗೆಯ ಬೆಳಕನ್ನು, ಅಂದರೆ ಒಂದೇ ಸಮತಲದಲ್ಲಿ ಕಂಪಿಸುವ ಬೆಳಕನ್ನು, ಹಾಯಿಸಿದರೆ ಅದು ಬೆಳಕನ್ನು ಬಲಕ್ಕೆ ತಿರುಗಿಸುತ್ತದೆ. ಪೀಪಾಯಿಗಳಲ್ಲೇ ಸಿಕ್ಕ ಇನ್ನೊಂದು ಆಮ್ಲಕ್ಕೆ ರಸೆಮಿಕ್ ಆಮ್ಲ ಎಂದು ಹೆಸರು. ಅದರ ಸೂತ್ರವೂ ಅದೇ, ತೂಕವೂ ಅದೇ. ಆದರೆ ಅದು ಬೆಳಕನ್ನು ಎತ್ತಲೂ ತಿರುಗಿಸುವುದಿಲ್ಲ. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ ಎರಡು ಖಾತೆಗಳ ಎಲ್ಲ ಅಂಕಿಯೂ ಒಂದೇ, ಕೊನೆಯ ಶಿಲ್ಕು ಮಾತ್ರ ಬೇರೆ. ಮಿಟ್ಷರ್ಲಿಖ್ ಎಂಬ ಜರ್ಮನ್ ವಿಜ್ಞಾನಿ 1844ರಲ್ಲಿ ಇದನ್ನು ಪ್ರಕಟಿಸಿದ್ದರು. ಕಾರಣ ಯಾರಿಗೂ ಹೊಳೆದಿರಲಿಲ್ಲ.

ಪಾಶ್ಚರ್‌ಗೆ ದಾರಿ ತೋರಿಸಿದ್ದು ಒಂದು ಕಲ್ಲು. ಸ್ಫಟಿಕ ಶಿಲೆಯ ಹರಳಿನ ಮೂಲೆಗಳಲ್ಲಿ ಚಿಕ್ಕ ಓರೆಮುಖಗಳಿರುತ್ತವೆ, ಕೆಲವದರಲ್ಲಿ ಬಲಕ್ಕೆ, ಕೆಲವದರಲ್ಲಿ ಎಡಕ್ಕೆ. ಓರೆಮುಖದ ದಿಕ್ಕಿಗೂ ಬೆಳಕು ತಿರುಗುವ ದಿಕ್ಕಿಗೂ ಸಂಬಂಧ ಇದೆಯೆಂದು ಜಾನ್ ಹರ್ಷೆಲ್ 1820ರ ದಶಕದ ಆರಂಭದಲ್ಲೇ ತೋರಿಸಿದ್ದರು. ಪಾಶ್ಚರ್ 1848ರಲ್ಲಿ ಟಾರ್ಟಾರಿಕ್ ಲವಣಗಳಲ್ಲೂ ಅಂಥ ಓರೆಮುಖ ಹುಡುಕಿದರು. ಸಿಕ್ಕಿತು. ರಸೆಮಿಕ್ ಆಮ್ಲದ ಸೋಡಿಯಂ ಅಮೋನಿಯಂ ಲವಣದಲ್ಲಿ ಅದು ಇರಲಾರದು ಎಂದುಕೊಂಡಿದ್ದರು, ಅಲ್ಲೂ ಇತ್ತು. ಆದರೆ ಕೆಲವು ಹರಳುಗಳಲ್ಲಿ ಬಲಕ್ಕೆ, ಕೆಲವದರಲ್ಲಿ ಎಡಕ್ಕೆ. ಒಂದೊಂದೇ ಹರಳನ್ನು ಆರಿಸಿ ಎರಡು ಗುಡ್ಡೆ ಮಾಡಿದರು, ನಮ್ಮ ಮನೆಯಲ್ಲಿ ಅಕ್ಕಿಯಿಂದ ಕಲ್ಲು ಆರಿಸಿದಂತೆ. ಒಂದು ಗುಡ್ಡೆ ಬೆಳಕನ್ನು ಬಲಕ್ಕೆ ತಿರುಗಿಸಿತು, ಇನ್ನೊಂದು ಅಷ್ಟೇ ಎಡಕ್ಕೆ. ಎರಡೂ ಸಮವಾಗಿ ಬೆರೆತರೆ ಸೊನ್ನೆ. ಖುಷಿಯಲ್ಲಿ ಹೊರಗೆ ಓಡಿ, ಎದುರು ಸಿಕ್ಕ ಸಹಾಯಕನನ್ನು ಅಪ್ಪಿಕೊಂಡರಂತೆ.

ಇದರಲ್ಲಿ ಅದೃಷ್ಟವೂ ಇತ್ತು. ಆ ಲವಣ ಹೀಗೆ ಎರಡಾಗಿ ಬೇರ್ಪಡುವುದು ಸುಮಾರು 27 ಡಿಗ್ರಿಗಿಂತ ಕಡಿಮೆ ತಾಪದಲ್ಲಿ ಮಾತ್ರ. ಬಳ್ಳಾರಿಯ ಏಪ್ರಿಲ್ ಬಿಸಿಲಲ್ಲಿ ಮಾಡಿದ್ದರೆ ಏನೂ ಕಾಣುತ್ತಿರಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಮುಂದಿನ ಘಟನೆ. ಬೆಳಕಿನ ತಿರುಗುವಿಕೆಯ ವಿಷಯದಲ್ಲಿ ಹಿರಿಯರಾದ ಬಿಯೋ ಅವರಿಗೆ ಆಗ ಎಪ್ಪತ್ತನಾಲ್ಕು ವರ್ಷ. ಅವರು ನಂಬಲಿಲ್ಲ. ಹುಡುಗನನ್ನು ಕರೆಸಿ, ತಾವೇ ಪರೀಕ್ಷಿಸಿಟ್ಟ ಆಮ್ಲ, ಸೋಡಾ, ಅಮೋನಿಯಾ ಕೊಟ್ಟು ತಮ್ಮ ಕಣ್ಣೆದುರೇ ಲವಣ ಮಾಡಿಸಿದರು. ದ್ರಾವಣ ಅವರ ಕೋಣೆಯಲ್ಲೇ ಉಳಿಯಿತು. ಹರಳು ಕಟ್ಟಿದ ಮೇಲೆ ಪಾಶ್ಚರ್ ಆರಿಸಿಕೊಟ್ಟರು, ಕರಗಿಸಿ ಉಪಕರಣದಲ್ಲಿ ಇಟ್ಟಿದ್ದು ಮಾತ್ರ ಬಿಯೋ ಅವರೇ. ಎಡಗಡೆಯ ದ್ರಾವಣ ನೋಡುತ್ತಿದ್ದಂತೆ, ಅಳತೆ ಮಾಡುವ ಮೊದಲೇ, ಮುದುಕರಿಗೆ ಉತ್ತರ ಸಿಕ್ಕಿತ್ತು. ಪಾಶ್ಚರ್ ಅವರ ಕೈ ಹಿಡಿದುಕೊಂಡರು. ಇದನ್ನೇ ಆಡಿಟ್ ಎನ್ನುವುದು. ಒಳ್ಳೆಯ ಆಡಿಟರ್ ಅವಮಾನ ಮಾಡುವುದಿಲ್ಲ, ಪರೀಕ್ಷೆಯನ್ನೂ ಬಿಡುವುದಿಲ್ಲ. 1862ರಲ್ಲಿ ತೀರಿಕೊಳ್ಳುವವರೆಗೂ ಬಿಯೋ ಪಾಶ್ಚರ್ ಅವರ ಬೆನ್ನಿಗಿದ್ದರು. ಆ 1848ರ ಮೇ ತಿಂಗಳಲ್ಲೇ ಪಾಶ್ಚರ್ ತಾಯಿಯನ್ನು ಕಳೆದುಕೊಂಡರು.

ಸುಮಾರು ಹತ್ತು ವರ್ಷಗಳ ನಂತರ ಇನ್ನೊಂದು ವಿಚಿತ್ರ ಕಂಡರು. ರಸೆಮಿಕ್ ದ್ರಾವಣದಲ್ಲಿ ಬೂಷ್ಟು ಬೆಳೆದರೆ ಅದು ಬಲಗೈ ಭಾಗವನ್ನು ಮಾತ್ರ ತಿಂದು ಎಡಗೈ ಭಾಗವನ್ನು ಬಿಡುತ್ತದೆ. ಬೂಷ್ಟಿಗೆ ಎಡ ಬಲ ಗೊತ್ತು! ಜೀವಕ್ಕೂ ನಿರ್ಜೀವಕ್ಕೂ ನಡುವಿನ ಗೆರೆ ಇದೇ ಎಂದು ಅವರಿಗೆ ಅನ್ನಿಸಿತು. ಅವರು ಸೂಕ್ಷ್ಮಜೀವಿಗಳ ಕಡೆಗೆ ಹೊರಳಿದ್ದರಲ್ಲಿ ಈ ಯೋಚನೆಯ ಪಾಲೂ ಇದೆ.

ನಮ್ಮ ಮನೆಯ ಉರ್ದುವಿನಲ್ಲಿ ಬಲಗೈಗೆ ಸೀಧಾ ಹಾಥ್, ಅಂದರೆ ನೆಟ್ಟಗಿನ ಕೈ ಎನ್ನುತ್ತೇವೆ. ಕನ್ನಡದಲ್ಲಿ ಬಲ ಎಂದರೆ ಶಕ್ತಿಯೂ ಹೌದು. ಎರಡು ಭಾಷೆಗಳೂ ಒಂದೇ ಪಕ್ಷ. ನಿಸರ್ಗದ ಲೆಕ್ಕ ಬೇರೆ. ನಮ್ಮ ದೇಹದ ಸಕ್ಕರೆಗಳು ಬಲಗೈಯವು, ಪ್ರೋಟೀನು ಕಟ್ಟುವ ಅಮೈನೋ ಆಮ್ಲಗಳು ಎಡಗೈಯವು. ನನ್ನ ಎಡಚ ತಮ್ಮನಿಗೆ ಇದನ್ನು ಹೇಳಿದಾಗ ದಾದಿಯ ಕಡೆ ನೋಡಿ ಗೆದ್ದವನಂತೆ ನಕ್ಕ. ಅಡುಗೆಮನೆಯಲ್ಲೂ ಸಾಕ್ಷಿ ಇದೆ. ಸ್ಪಿಯರ್‌ಮಿಂಟ್ ಜಾತಿಯ ಪುದೀನದ ವಾಸನೆಗೂ ಸಬ್ಬಸಿಗೆ ಬೀಜದ ವಾಸನೆಗೂ ಕಾರಣ ಕಾರ್ವೋನ್ ಎಂಬ ಒಂದೇ ವಸ್ತು. ಒಂದು ಇನ್ನೊಂದರ ಕನ್ನಡಿ ಬಿಂಬ, ಅಷ್ಟೇ. ಮೂಗು ಎರಡನ್ನೂ ಬೇರೆ ಬೇರೆಯಾಗಿಯೇ ಗುರುತಿಸುತ್ತದೆ.

ಆದರೆ ಜೀವ ಒಂದೇ ಕೈಯನ್ನು ಯಾಕೆ ಹಿಡಿಯಿತು? ಪಾಶ್ಚರ್ ಆಯಸ್ಕಾಂತಗಳ ನಡುವೆ ಹರಳು ಬೆಳೆಸಿದರು. ಕನ್ನಡಿ ಮತ್ತು ಗಡಿಯಾರದ ಯಂತ್ರ ಕಟ್ಟಿ, ಗಿಡಕ್ಕೆ ಸೂರ್ಯ ಪಶ್ಚಿಮದಲ್ಲಿ ಹುಟ್ಟುವಂತೆ ತೋರಿಸಲು ನೋಡಿದರು. ಏನೂ ಆಗಲಿಲ್ಲ.

ಮುಂದಿನ ಬದುಕು ಪಠ್ಯಪುಸ್ತಕಗಳಲ್ಲಿದೆ, ಅದರಲ್ಲಿ ಇಲ್ಲದ್ದನ್ನು ಮಾತ್ರ ಬರೆಯುತ್ತೇನೆ. ಐದು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು, ಇಬ್ಬರು ಟೈಫಾಯ್ಡ್‌ನಿಂದ. ರೇಷ್ಮೆಹುಳುವಿನ ಗಂಟುರೋಗದ ಸಂಶೋಧನೆಯ ನಡುವೆ, 1868ರಲ್ಲಿ, ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಕೆಲಸ ನಿಲ್ಲಿಸಲಿಲ್ಲ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಮೊಟ್ಟೆ ಆರಿಸುವ ಅವರ ಕ್ರಮ ನಮ್ಮ ರಾಜ್ಯದ ಬಿತ್ತನೆ ಕೇಂದ್ರಗಳಲ್ಲಿ ಇಂದಿಗೂ ಇದೆ.

ಅವರದ್ದೆಲ್ಲ ಚೊಕ್ಕ ಲೆಕ್ಕವೇನೂ ಅಲ್ಲ. 1881ರಲ್ಲಿ ಕುರಿಗಳ ಮೇಲೆ ಬಹಿರಂಗವಾಗಿ ನಡೆಸಿದ ಆಂಥ್ರಾಕ್ಸ್ ಲಸಿಕೆಯ ಪ್ರಯೋಗದಲ್ಲಿ ಬಳಸಿದ್ದು ಸಹೋದ್ಯೋಗಿ ಶಾಂಬರ್ಲಾನ್ ಅವರ ವಿಧಾನ, ಜನ ನಂಬಿದ್ದು ಪಾಶ್ಚರ್ ಅವರದ್ದೆಂದು. ಪಾಶ್ಚರ್ ಸುಮ್ಮನಿದ್ದರು. ತಮ್ಮ ಪ್ರಯೋಗದ ಪುಸ್ತಕಗಳನ್ನು ಯಾರಿಗೂ ತೋರಿಸಬೇಡಿ ಎಂದು ಮನೆಯವರಿಗೆ ಹೇಳಿದ್ದರು. ಅವು ಎಷ್ಟೋ ದಶಕಗಳ ನಂತರ ತೆರೆದಾಗ ಈ ವಿಷಯ ಖಚಿತವಾಯಿತು. ಬಿಯೋ ಎದುರು ಎಲ್ಲವನ್ನೂ ತೆರೆದಿಟ್ಟ ಹುಡುಗ ಹೀಗೆ ಮಾಡಿದ್ದು ನನಗೆ ಬೇಸರವೇ.

ಅವರು 1895ರ ಸೆಪ್ಟೆಂಬರ್ 28ರಂದು ತೀರಿಕೊಂಡರು. ಅವರ ಪ್ರಶ್ನೆ ಮತ್ತೆ ಕಲ್ಲಿನ ಹತ್ತಿರವೇ ಬಂದು ನಿಂತಿದೆ. ಸುಣ್ಣಕಲ್ಲಿನ ಖನಿಜವಾದ ಕ್ಯಾಲ್ಸೈಟ್ ಹರಳಿನಲ್ಲಿ ಕೆಲವು ಮುಖಗಳು ಎಡಗೈ, ಕೆಲವು ಬಲಗೈ. ಅಮೆರಿಕದ ರಾಬರ್ಟ್ ಹೇಜನ್ ಮತ್ತು ಜೊತೆಗಾರರು ಅದನ್ನು ಎರಡೂ ಬಗೆಯ ಅಮೈನೋ ಆಮ್ಲ ಬೆರೆತ ನೀರಿನಲ್ಲಿ ಅದ್ದಿ, ಎಡಮುಖಕ್ಕೂ ಬಲಮುಖಕ್ಕೂ ಅಂಟುವ ಪ್ರಮಾಣದಲ್ಲಿ ವ್ಯತ್ಯಾಸ ಇರುವುದನ್ನು 2001ರಲ್ಲಿ ಪ್ರಕಟಿಸಿದರು. ಜೀವ ಹುಟ್ಟುವ ಮೊದಲು ಇಂಥ ಕಲ್ಲುಗಳೇ ಕೈ ಆರಿಸಿರಬಹುದೇ? ಭೂಮಿಯಲ್ಲಿ ಎಡಮುಖ ಎಷ್ಟಿವೆಯೋ ಬಲಮುಖವೂ ಅಷ್ಟೇ ಇವೆ. ಹಾಗಿರುವಾಗ ನಮ್ಮ ಅಮೈನೋ ಆಮ್ಲಗಳೆಲ್ಲ ಎಡಗೈಯೇ ಏಕೆ ಎಂಬ ಖಾತೆಯನ್ನು ಇನ್ನೂ ಯಾರೂ ಮುಗಿಸಿಲ್ಲ.